ಗಿಡಕ್ಕಿಂತ ಮೊದಲು ನೆಲ: ಸಣ್ಣ ಸೇಬಿನ ತೋಟಕ್ಕೆ ಭೂಮಿಯ ಸಿದ್ಧತೆ

ಸಂಜೆ ಕೆಲಸ ಮುಗಿಸಿ ಬೋರಾಬಜಾರದ ದಾರಿಯಿಂದ ನಮ್ಮ ವಾಚನಾಲಯಕ್ಕೆ ಬರುವಾಗ ಕೈಗಾಡಿಯ ಮೇಲೆ ಒಟ್ಟಿದ ಸೇಬುಹಣ್ಣುಗಳನ್ನು ನಾವೆಲ್ಲರೂ ನೋಡುತ್ತೇವೆ. ಆಗಸ್ಟಿನಿಂದ ದೀಪಾವಳಿಯ ತನಕ ಹಿಮಾಚಲ, ಕಾಶ್ಮೀರಗಳ ಪೆಟ್ಟಿಗೆಗಳು ವಾಶಿಯ ಮಂಡಿಯಲ್ಲಿ ಇಳಿದು ಅಲ್ಲಿಂದ ಊರೆಲ್ಲ ಹರಡುತ್ತವೆ. ಬೆಲೆ ಕೇಳಿ ಎರಡು ಹಣ್ಣು ಕೊಂಡೋ, ಕೊಳ್ಳದೆಯೋ ಮುಂದೆ ನಡೆಯುವಾಗ, ಊರಿನಲ್ಲಿ ತುಂಡು ಹೊಲವಿದ್ದವನ ಮನಸ್ಸಿನಲ್ಲಿ ಒಂದು ವಿಚಾರ ಸುಳಿಯುವುದು ಸಹಜ. ಈ ಗಿಡ ನಮ್ಮ ನೆಲದಲ್ಲಿ ಏಕೆ ಬರಬಾರದು?

ನನಗೂ ಆ ವಿಚಾರ ಬಂದಿತ್ತು. ನಾಲ್ಕು ವರ್ಷಗಳ ಹಿಂದೆ ದೀಪಾವಳಿಯ ಬೋನಸ್ಸಿನ ಹಣವನ್ನೆಲ್ಲ ಕೂಡಿಸಿ ನಲವತ್ತು ಸಸಿಗಳನ್ನು ತರಿಸಿದೆ. ಜನವರಿಯಲ್ಲಿ ಹತ್ತು ದಿನದ ರಜೆ ಹಾಕಿ ಧಾರವಾಡದ ಕಡೆಯ ನಮ್ಮ ಊರಿಗೆ ಹೋದೆ. ನೀರು ಹಾಕಲು ಸುಲಭವೆಂದು ಬಾವಿಯ ಪಕ್ಕದ ತಗ್ಗಿನ ಎರೆಹೊಲವನ್ನೇ ಆರಿಸಿ, ಅಣ್ಣನೂ ನಾನೂ ಸೇರಿ ಮೊಳದುದ್ದದ ಗುಣಿ ತೋಡಿ ಸಸಿ ನೆಟ್ಟು ಮುಗಿಸಿದೆವು. ಬೇಸಿಗೆಯಲ್ಲಿ ಚಿಗುರು ಬಂತು. ಮನೆಯವರು ಫೋಟೋ ಕಳಿಸಿದರು. ನಾನು ಅದನ್ನು ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದೆ. ಮುಂಗಾರಿನಲ್ಲಿ ಆ ತಗ್ಗಿನಲ್ಲಿ ವಾರಗಟ್ಟಲೆ ನೀರು ನಿಂತಿತು. ಬುಡದ ತೊಗಟೆ ಕಪ್ಪಾಗಿ ಕೊಳೆಯಿತು. ಮುಂದಿನ ದೀಪಾವಳಿಗೆ ಉಳಿದದ್ದು ಮೂರು ಗಿಡ. ಅಣ್ಣ ಸಿಟ್ಟು ಮಾಡಲಿಲ್ಲ. “ತಮ್ಮಾ, ಗಿಡ ಬಂದ ಮ್ಯಾಲ ಕುಣಿ ತೋಡಿದ್ವಿ, ನೀರು ನಿಂತ ಮ್ಯಾಲ ದಾರಿ ಹುಡುಕಿದ್ವಿ” ಎಂದಷ್ಟೇ ಅಂದ.

ಈ ಲೇಖನ ಆ ಮಾತಿನ ವಿಸ್ತಾರವೆಂದೇ ತಿಳಿಯಿರಿ. ನಮ್ಮಂಥವರು ಹಣವನ್ನು ಸಸಿಗೆ ಹಾಕುತ್ತೇವೆ, ನೆಲಕ್ಕೆ ಹಾಕುವುದಿಲ್ಲ. ತೋಟದ ಹಣೆಬರಹ ಮಾತ್ರ ಸಸಿ ಬರುವ ಮುಂಚಿನ ಎಂಟೊಂಬತ್ತು ತಿಂಗಳಲ್ಲೇ ನಿಶ್ಚಯವಾಗಿರುತ್ತದೆ.

ನಮ್ಮ ಕಡೆ ಸೇಬು ಬರುವುದೇ?

ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಸೇಬಿನ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆ ಮಾಡುತ್ತದೆ. ಸಾಕಷ್ಟು ಚಳಿ ಸಿಕ್ಕಿದ ಮೇಲೆಯೇ ಅದರ ಮೊಗ್ಗು ಸರಿಯಾಗಿ ಒಡೆಯುವುದು. ಸತ್ಯಾನಂದ ಸ್ಟೋಕ್ಸರು 1916ರಲ್ಲಿ ಅಮೇರಿಕದಿಂದ ಶಿಮ್ಲಾದ ಕಡೆಯ ಕೋಟಗಢಕ್ಕೆ ತಂದ ಡೆಲಿಷಸ್ ಜಾತಿಗೆ, ಉಷ್ಣತೆ 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರುವ ಸುಮಾರು ಸಾವಿರ ಗಂಟೆಗಳು ಬೇಕು. ಲೆಕ್ಕ ಹಾಕಿದರೆ ಇದು ಹಗಲೂ ರಾತ್ರಿ ಸೇರಿ ನಲವತ್ತೆರಡು ದಿನವಾಯಿತು. ಅಂಥ ಚಳಿ ನಮ್ಮ ಬಯಲುಸೀಮೆಯಲ್ಲಿ ಎಲ್ಲಿದೆ?

ಹಾಗಿದ್ದರೂ ಕರ್ನಾಟಕಕ್ಕೆ ಸೇಬು ಹೊಸತಲ್ಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಸುತ್ತ ಸೇಬಿನ ತೋಟಗಳಿದ್ದವು. ರೋಮ್ ಬ್ಯೂಟಿ ಎಂಬ ಜಾತಿ ಅಲ್ಲಿ ಬೆಳೆಯುತ್ತಿತ್ತು. ಬಿಳಿ ಉಣ್ಣೆಯಂತೆ ಕೊಂಬೆಗೂ ಬೇರಿಗೂ ಅಂಟಿ ರಸ ಹೀರುವ ಒಂದು ಹೇನು ಆ ತೋಟಗಳ ದೊಡ್ಡ ಶತ್ರುವಾಯಿತು. ಅನಂತರ ಊರೂ ಬೆಳೆಯಿತು. ಅದೇ ರೋಮ್ ಬ್ಯೂಟಿಯನ್ನು ಜಾವಾ ದ್ವೀಪದ ಬಾತು ಎಂಬ ಎತ್ತರದ ಊರಿನ ರೈತರೂ ಬೆಳೆದಿದ್ದಾರೆ. ಅಲ್ಲಿ ಚಳಿಯಿಲ್ಲದ್ದರಿಂದ ಕೊಯ್ಲಿನ ನಂತರ ಎಲೆಗಳನ್ನು ಕೈಯಿಂದಲೇ ಕಿತ್ತು ಗಿಡವನ್ನು ಮತ್ತೆ ಹೂವಿಗೆ ತರುತ್ತಾರೆ.

ಈಗ ಕಡಿಮೆ ಚಳಿ ಸಾಕಾಗುವ ಜಾತಿಗಳೇ ಇವೆ. ಇಸ್ರೇಲಿನ ಅನ್ನಾ ಮತ್ತು ಬಹಾಮಾ ದ್ವೀಪದ ಡಾರ್ಸೆಟ್ ಗೋಲ್ಡನ್ ಪರಸ್ಪರ ಪರಾಗ ಕೊಡುವ ಜೋಡಿ. ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ತೆಗೆದ ಎಚ್‌ಆರ್‌ಎಂಎನ್-99 ಸೆಕೆಯನ್ನು ತಾಳುವ ಜಾತಿ. ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಕರ್ನಾಟಕದ ಬಯಲುಸೀಮೆಯಲ್ಲೂ ಕೆಲವು ರೈತರು ಇಂಥ ಜಾತಿಗಳನ್ನು ನೆಟ್ಟಿದ್ದಾರೆ. ಕಾಶ್ಮೀರದ ಹಣ್ಣಿನ ಬಣ್ಣವೂ ಬಾಳಿಕೆಯೂ ಇವುಗಳಿಂದ ಬರುವುದೆಂದು ನಂಬಬೇಡಿ. ಹತ್ತಿರದ ಪೇಟೆಗೆ ಒಯ್ದು ಮಾರುವ ಹಣ್ಣಾದೀತು ಎಂದಷ್ಟೇ ಎಣಿಸಿ ಹೊರಡುವುದು ಕ್ಷೇಮ.

ಕರಾವಳಿಯ ಬಂಧುಗಳಿಗೆ ಒಂದು ಮಾತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಚಳಿಯೇ ಕಾಣದ ನಿಮ್ಮ ನೆಲ ಸೇಬಿಗೆ ತಕ್ಕದ್ದಲ್ಲ. ಅಲ್ಲಿ ದುಡ್ಡು ಹಾಕಬೇಡಿ. ಆದರೆ ನೆಲ ಹದಮಾಡುವ ಈ ಕ್ರಮ ಮಾವು, ಗೇರು, ಚಿಕ್ಕೂಗಳಿಗೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಮುಂದೆ ಓದಿದರೆ ನಷ್ಟವಿಲ್ಲ.

ಜಾಗ, ನೀರು, ಮಣ್ಣು

ಸೇಬಿಗೆ ಸ್ವಲ್ಪ ಇಳಿಜಾರಾದ, ನೀರು ನಿಲ್ಲದ, ಆಳವಾದ ಮಣ್ಣು ಬೇಕು. ಧಾರವಾಡದ ಕಡೆ ಮಸಾರಿ ಎನ್ನುವ ಕೆಂಪು ನೆಲ ಒಳ್ಳೆಯದು. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇಸಿಗೆಯಲ್ಲಿ ಬಿರಿಯುತ್ತದೆ. ಅದು ಜೋಳ, ಕಡಲೆ, ಹತ್ತಿಗೆ ಇರಲಿ.

ನೀರಿನ ಪರೀಕ್ಷೆಗೆ ಖರ್ಚೇನೂ ಇಲ್ಲ. ಎರಡು ಅಡಿ ಆಳದ ಗುಣಿ ತೋಡಿ ನೀರು ತುಂಬಿ ಇಂಗಲು ಬಿಡಿ. ಮತ್ತೆ ತುಂಬಿರಿ. ಈ ಎರಡನೆಯ ಸಲದ ನೀರು ಮರುದಿನ ಅದೇ ಹೊತ್ತಿಗೂ ನಿಂತಿದ್ದರೆ ಆ ಜಾಗವನ್ನು ಬಿಡಿ. ನಾನು ಈ ಒಂದು ಪರೀಕ್ಷೆ ಮಾಡಿದ್ದರೆ ಮೂವತ್ತೇಳು ಸಸಿಗಳ ಹಣ ಉಳಿಯುತ್ತಿತ್ತು.

ಇದರ ಜೊತೆಗೆ ಬೇಸಿಗೆಯ ನೀರಿನ ಲೆಕ್ಕವೂ ಆಗಬೇಕು. ಎಳೆಯ ಗಿಡಕ್ಕೆ ದಿನಕ್ಕೆ ಹತ್ತು ಲೀಟರ್ ಎಂದು ಹಿಡಿದರೂ 72 ಗಿಡಕ್ಕೆ 720 ಲೀಟರ್ ಆಯಿತು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಬಾವಿಯೋ ಬೋರೋ ಇಷ್ಟು ಕೊಟ್ಟೀತೇ ಎಂದು ಮನೆಯ ಹಿರಿಯರನ್ನು ಕೇಳಿ.

ಮೂರನೆಯದು ಮಣ್ಣಿನ ಪರೀಕ್ಷೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಮೇಲಿನ ಒಂದು ಅಡಿಯ ಮಣ್ಣನ್ನು ತೆಗೆಯಿರಿ. ಅದರ ಕೆಳಗಿನ ಒಂದು ಅಡಿಯದನ್ನು ಬೇರೆಯಾಗಿ ತೆಗೆಯಿರಿ. ತಿಪ್ಪೆಯ ಹತ್ತಿರದ, ಬದುವಿನ ಮೇಲಿನ, ಮರದ ನೆರಳಿನ ಮಣ್ಣು ಬೇಡ. ಒಂದೊಂದು ಪದರದ್ದನ್ನೂ ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧರ್ಧ ಕಿಲೋ ಬಟ್ಟೆಯ ಚೀಲದಲ್ಲಿ ಕಟ್ಟಿ, ಹೆಸರು, ಸರ್ವೆ ನಂಬರು ಬರೆದ ಚೀಟಿ ಹಾಕಿ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ವರದಿಯಲ್ಲಿ ಮಣ್ಣಿನ ಹುಳಿ ಕ್ಷಾರದ ಅಂಕಿಯನ್ನು ಮೊದಲು ನೋಡಿ. ಅದು 5.5ರಿಂದ 6.5ರ ಒಳಗಿದ್ದರೆ ಸೇಬಿಗೆ ಹಿತ. 7ರ ವರೆಗೂ ನಡೆದೀತು. 5.5ಕ್ಕಿಂತ ಕಡಿಮೆಯಿದ್ದರೆ ವರದಿ ಹೇಳಿದಷ್ಟು ಸುಣ್ಣ ಹಾಕಬೇಕು. ಸುಣ್ಣದ ಗುಣ ನಿಧಾನ. ಆದ್ದರಿಂದ ತಿಂಗಳುಗಳ ಮೊದಲೇ ಹಾಕಬೇಕು.

ನಮ್ಮ ರಜೆಗಳೇ ಪಂಚಾಂಗ

ಪರ ಊರಿನಲ್ಲಿ ದುಡಿಯುವ ನಮಗೆ ವರ್ಷಕ್ಕೆ ಮೂರು ನಾಲ್ಕು ಸಲ ಊರಿನ ಮುಖ ಕಾಣುವುದೇ ಹೆಚ್ಚು. ನೆಲದ ಕೆಲಸವೂ ಅಷ್ಟೇ ಕಂತುಗಳಲ್ಲಿ ಆಗುವಂಥದು.

ಮೇ ತಿಂಗಳ ರಜೆಯಲ್ಲಿ ಜಾಗ ಗೊತ್ತುಮಾಡಿ, ಮಣ್ಣು ಪರೀಕ್ಷೆಗೆ ಕೊಟ್ಟು, ಹಳೆಯ ಬೇರು ಬೊಡ್ಡೆಗಳನ್ನು ಕೀಳಿಸಿ. ಬೊಡ್ಡೆ ಉಳಿದರೆ ಗೆದ್ದಲಿಗೆ ಮನೆ ಕಟ್ಟಿಕೊಟ್ಟಂತೆ. ಆಮೇಲೆ ಒಂಬತ್ತು ಹತ್ತು ಅಂಗುಲ ಆಳಕ್ಕೆ ನೇಗಿಲು ಹೊಡೆಸಿ ಹೆಂಟೆಗಳನ್ನು ಬಿಸಿಲಿಗೆ ಬಿಡಿ. ಕರಿಕೆ, ಜೇಕುಗಳ ಗಡ್ಡೆ ಮೇಲೆ ಬಂದು ಒಣಗಲಿ. ಉಳಿದದ್ದನ್ನು ಆರಿಸಿ ತೆಗೆಯಿರಿ. ಗಿಡ ನೆಟ್ಟ ಮೇಲೆ ಇವುಗಳನ್ನು ತೆಗೆಯುವುದು ಹತ್ತು ಪಟ್ಟು ಕಷ್ಟ.

ಜೂನಿನಲ್ಲಿ ಮಳೆ ಹಿಡಿದೊಡನೆ ಮನೆಯವರು ಸೆಣಬು ಬಿತ್ತಲಿ. ಎಕರೆಗೆ 12ರಿಂದ 15 ಕಿಲೋ ಬೀಜ ಸಾಕು. ನಲವತ್ತೈದು ದಿನಕ್ಕೆ ಹೂವು ಕಾಣುವಾಗ, ದಂಟು ಗಟ್ಟಿಯಾಗುವ ಮೊದಲೇ, ಅದನ್ನು ಉತ್ತು ಮಣ್ಣಿಗೆ ಸೇರಿಸಬೇಕು. ಈ ಮಳೆಗಾಲದಲ್ಲೇ ಇನ್ನೊಂದು ಕೆಲಸವಿದೆ. ಜೋರು ಮಳೆಯ ಮರುದಿನ ಹೊಲದಲ್ಲಿ ನೀರು ಎಲ್ಲಿ ನಿಂತಿದೆ, ಎಲ್ಲಿ ಹರಿದಿದೆ ಎಂದು ಯಾರಾದರೂ ನೋಡಿ ಗುರುತು ಹಾಕಬೇಕು. ಚೌತಿಗೆ ಊರಿಗೆ ಹೋದವರು ಆ ಗುರುತಿನಂತೆ ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿಸಿ, ಹೆಚ್ಚಿನ ನೀರು ಹೊರಗೆ ಹೋಗಲು ಕಾಲುವೆ ತೆಗೆಸಬಹುದು.

ಗುಣಿಯ ಲೆಕ್ಕ

ದೀಪಾವಳಿಯ ರಜೆ ಅಳತೆಗೆ, ಗುಣಿಗೆ. ಕಾರಕೂನರಾದ ನಮಗೆ ಈ ಭಾಗ ಸುಲಭ. ಹತ್ತು ಗುಂಟೆ ಎಂದರೆ 10,890 ಚದರ ಅಡಿ. ನನ್ನ ತುಂಡು 110 ಅಡಿ ಉದ್ದ, 99 ಅಡಿ ಅಗಲ. ಗಿಡದಿಂದ ಗಿಡಕ್ಕೆ ಹನ್ನೆರಡು ಅಡಿ ಇಟ್ಟುಕೊಂಡೆ. ಉದ್ದದ ಎರಡೂ ತುದಿಯಲ್ಲಿ ಏಳೇಳು ಅಡಿ ಬಿಟ್ಟರೆ ಉಳಿಯುವುದು 96 ಅಡಿ. ಎಂಟು ಅಂತರ, ಒಂಬತ್ತು ಗಿಡ. ಅಗಲದಲ್ಲಿ ಏಳೂವರೆ ಅಡಿಯಂತೆ ಬಿಟ್ಟರೆ 84 ಅಡಿ. ಏಳು ಅಂತರ, ಎಂಟು ಸಾಲು. ಒಟ್ಟು 72 ಗಿಡ.

ಸಾಲು ನೆಟ್ಟಗೆ ಬರಲು ಮೂಲೆ ನೇರವಾಗಿರಬೇಕು. ಮೂಲೆಯ ಗೂಟದಿಂದ ಒಂದು ಬದಿಗೆ 30 ಅಡಿ, ಇನ್ನೊಂದು ಬದಿಗೆ 40 ಅಡಿ ಹಗ್ಗ ಹಿಡಿಯಿರಿ. ಆ ಎರಡು ತುದಿಗಳ ನಡುವೆ ಸರಿಯಾಗಿ 50 ಅಡಿ ಬಂದರೆ ಮೂಲೆ ಸರಿಯಾಯಿತು.

ಗುಣಿಯು (ಕರಾವಳಿಯವರ ಹೊಂಡ) ಉದ್ದ, ಅಗಲ, ಆಳ ಮೂರು ಮೂರು ಅಡಿ ಇರಲಿ. ಮೇಲಿನ ಒಂದು ಅಡಿಯ ಮಣ್ಣನ್ನು ಒಂದು ಪಕ್ಕಕ್ಕೆ, ಕೆಳಗಿನದನ್ನು ಇನ್ನೊಂದು ಪಕ್ಕಕ್ಕೆ ಹಾಕಿಸಿ, ಎರಡನ್ನೂ ಕಲಸಬಾರದು. ಮಣ್ಣು ಹಸಿಯಾಗಿದ್ದಾಗ ತೋಡಿದರೆ ಗುಣಿಯ ಗೋಡೆ ಗಾರೆ ಮಾಡಿದಂತೆ ನುಣುಪಾಗಿ ಬೇರು ಹೊರಗೆ ಹೋಗುವುದಿಲ್ಲ. ಹಾಗಾಗಿದ್ದರೆ ಹಾರೆಯಿಂದ ಗೋಡೆಯನ್ನು ಕೆರೆಯಿರಿ. ತೋಡಿದ ಗುಣಿ ಒಂದು ತಿಂಗಳು ಬಿಸಿಲಿಗೆ ತೆರೆದಿರಲಿ.

ಡಿಸೆಂಬರಿನಲ್ಲಿ ತುಂಬುವಾಗ ಫಲವತ್ತಾದ ಮೇಲ್ಮಣ್ಣು ಮೊದಲು ಕೆಳಗೆ ಹೋಗಲಿ. ಗುಣಿಗೆ 20 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಸೇರಿಸಿ. ಹಸಿ ಸಗಣಿ ಬೇಡ. ಅದು ಕಾವು ಕಟ್ಟುತ್ತದೆ, ಗೆದ್ದಲನ್ನೂ ಕರೆಯುತ್ತದೆ. ತೆಂಗಿನ ಹೊಂಡಕ್ಕೆ ಉಪ್ಪು ಹಾಕುವ ಕರಾವಳಿಯ ರೂಢಿಯನ್ನು ಇಲ್ಲಿ ಅನುಸರಿಸಬೇಡಿ. ಸೇಬಿಗೆ ಉಪ್ಪು ಆಗದು. ತುಂಬಿದ ಮಣ್ಣು ನೆಲಕ್ಕಿಂತ ಆರೆಂಟು ಅಂಗುಲ ಎತ್ತರವಾಗಿರಲಿ. ಒಂದೆರಡು ಸಲ ನೀರು ಹಾಕಿದರೆ ಅದು ಕುಳಿತು ನೆಲದ ಮಟ್ಟಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಆ ತುಸು ಎತ್ತರವೇ ಮಳೆಗಾಲದಲ್ಲಿ ಗಿಡದ ಬುಡವನ್ನು ಕಾಯುವುದು.

ಜನವರಿಯ ಕೊನೆಗೆ, ಸಸಿ ನಿದ್ರೆಯಲ್ಲಿರುವಾಗ ನೆಡಬೇಕು. ಕೊಳ್ಳುವಾಗ ಬೇರನ್ನು ಬಿಚ್ಚಿ ನೋಡಿ. ಅಲ್ಲಲ್ಲಿ ಗಂಟುಗಳಿದ್ದರೆ ಬೆಂಗಳೂರಿನ ತೋಟಗಳನ್ನು ಕಾಡಿದ ಆ ಹೇನಿನ ಗುರುತಿರಬಹುದು, ತೆಗೆದುಕೊಳ್ಳಬೇಡಿ. ಆ ಹೇನನ್ನು ತಡೆಯುವ ಬೇರುಸಸಿಗಳನ್ನು ಇಂಗ್ಲೆಂಡಿನಲ್ಲಿ ಬೆಳೆಸಿದ್ದಾರೆ. ಎಂಎಂ 106, ಎಂಎಂ 111 ಎಂಬವು ಅವುಗಳಲ್ಲಿ ಎರಡು. ಮೊದಲನೆಯದು ನೀರು ನಿಲ್ಲುವ ನೆಲದಲ್ಲಿ ಬುಡಕೊಳೆತಕ್ಕೆ ಬೇಗ ತುತ್ತಾಗುತ್ತದೆ. ಎರಡನೆಯದು ಬರವನ್ನು ಹೆಚ್ಚು ತಾಳುತ್ತದೆ. ಯಾವುದರ ಮೇಲೆ ಕಸಿ ಮಾಡಿದ್ದೆಂದು ಕೇಳಿ, ರಸೀದಿಯಲ್ಲಿ ಬರೆಸಿಕೊಳ್ಳಿ. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಆರು ಅಂಗುಲ ಮೇಲಿರಲಿ.

ಈ ವರ್ಷ ನಾವು ಮೇಲಿನ ಮಸಾರಿ ಹೊಲವನ್ನು ಹಿಡಿದಿದ್ದೇವೆ. ಎರಡನೆಯ ಸಲ ತುಂಬಿದ ನೀರು ಅಲ್ಲಿ ಸಂಜೆಯೊಳಗೆ ಇಂಗಿತು. ಮಣ್ಣಿನ ಅಂಕಿ 6.4 ಬಂದಿದೆ. ಲೆಕ್ಕ 72ಕ್ಕೆ ಹಾಕಿದ್ದರೂ ತೋಡಿಸಿದ್ದು ಮೊದಲ ಎರಡು ಸಾಲು, ಹದಿನೆಂಟು ಗುಣಿ ಮಾತ್ರ. ಒಂದು ಸಾಲು ಅನ್ನಾ, ಪಕ್ಕದ್ದು ಡಾರ್ಸೆಟ್. ಇವು ಎರಡು ಮಳೆಗಾಲ ದಾಟಿದರೆ ಉಳಿದ ಸಾಲುಗಳ ಮಾತು. ಗಿಡಕ್ಕೆ ಇನ್ನೂ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಮೊನ್ನೆ ಫೋನಿನಲ್ಲಿ ಅಣ್ಣ, “ಕುಣಿ ತಯಾರ ಅದಾವ, ಇನ್ನ ನಿನ್ನ ಗಿಡ ಬರಲಿ” ಎಂದ. ಕಳೆದ ಸಲ ಗಿಡ ಬಂದು ಗುಣಿಗಾಗಿ ಕಾದಿತ್ತು. ಈ ಸಲ ಗುಣಿಯೇ ಗಿಡಕ್ಕಾಗಿ ಕಾದಿದೆ.