ಗಾಲಿಗಳ ಮೇಲೆ ಚಲನನಿಯಮ: ಮಹಿಳೆಯರ ರೋಲರ್ ಡರ್ಬಿ ಪಂದ್ಯಾವಳಿಗೆ ಹೋಗುವವರಿಗೆ

ರೋಲರ್ ಡರ್ಬಿ ಪಂದ್ಯವನ್ನು ಮೊದಲ ಸಲ ನೋಡುವವರಿಗೆ ಆರಂಭದ ಐದು ನಿಮಿಷಗಳಲ್ಲಿ ಏನೊಂದೂ ಅರ್ಥವಾಗುವುದಿಲ್ಲ. ಕಾಲಿಗೆ ಗಾಲಿಯ ಬೂಟುಗಳನ್ನೂ ತಲೆಗೆ ಹೆಲ್ಮೆಟನ್ನೂ ಧರಿಸಿದ ಹತ್ತು ಮಂದಿ ಮಹಿಳೆಯರು ಅಂಡಾಕಾರದ ಪಥವೊಂದರಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತ, ಬೀಳುತ್ತ, ಏಳುತ್ತ ಸುತ್ತುತ್ತಿರುತ್ತಾರೆ. ರೆಫರಿಗಳ ಸೀಟಿಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಫಲಕದ ಮೇಲೆ ಅಂಕಗಳು ಏರುತ್ತವೆ. ಆದರೆ ಚೆಂಡು ಮಾತ್ರ ಎಲ್ಲಿಯೂ ಕಾಣುವುದಿಲ್ಲ! ಚೆಂಡಿಲ್ಲದ ಈ ಆಟದಲ್ಲಿ ಅಂಕ ಬರುವುದು ಹೇಗೆ? ಎಲ್ಲಿ ಕುಳಿತರೆ ಆಟ ಚೆನ್ನಾಗಿ ಕಾಣುತ್ತದೆ? ಪಥದ ಅಂಚಿನ ಸಾಲಿನಲ್ಲಿ ಮಕ್ಕಳನ್ನು ಕೂಡಿಸಬಾರದೆಂದು ಹೇಳುವುದೇಕೆ?

ಈ ಪ್ರಶ್ನೆಗಳಿಗೆ ಉತ್ತರವು ಬಹುಮಟ್ಟಿಗೆ ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸುವ ಚಲನನಿಯಮಗಳಲ್ಲಿಯೇ ಇದೆಯೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅಮೆರಿಕ, ಕೆನಡ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ, ಅವರನ್ನು ಕಂಡುಬರಲು ಹೋಗುವ ತಂದೆತಾಯಿಗಳಿಗೂ ಇಂಥ ಪಂದ್ಯಾವಳಿಯನ್ನು ನೋಡುವ ಅವಕಾಶ ಒದಗುವುದುಂಟು. ಅಂಥವರು ಟಿಕೆಟು ಕೊಳ್ಳುವುದಕ್ಕೆ ಮುನ್ನ ತಿಳಿದಿರಬೇಕಾದ ವಿಷಯಗಳನ್ನೂ ಅವುಗಳ ಹಿಂದಿರುವ ಕಾರಣಗಳನ್ನೂ ಇಲ್ಲಿ ವಿವರಿಸಲಾಗಿದೆ.

ಆಟ ಬೆಳೆದ ಬಗೆ

ರೋಲರ್ ಡರ್ಬಿ ಎಂಬುದು ಹುಟ್ಟಿದ್ದು 1935ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಅಮೆರಿಕದ ಷಿಕಾಗೋ ನಗರದ ಕೊಲೀಸಿಯಮ್ ಸಭಾಂಗಣದಲ್ಲಿ. ಅದನ್ನು ಏರ್ಪಡಿಸಿದವನು ಲಿಯೋ ಸೆಲ್ಟ್‌ಸರ್ ಎಂಬ ವ್ಯಾಪಾರಿ. ಅಂದು ಅದು ಕೇವಲ ಸಹನಶಕ್ತಿಯ ಪರೀಕ್ಷೆಯಾಗಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು ಸೇರಿದ ಜೋಡಿಗಳು ದಿನಗಟ್ಟಲೆ ಒಂದೇ ಪಥವನ್ನು ಸುತ್ತಿ, ಒಟ್ಟು ಸುಮಾರು 3,000 ಮೈಲಿಗಳನ್ನು ಕ್ರಮಿಸಬೇಕಾಗಿತ್ತು. ಸ್ಪರ್ಧಿಗಳು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಾಗ ಪ್ರೇಕ್ಷಕರ ಉತ್ಸಾಹ ಹೆಚ್ಚುವುದನ್ನು ಕಂಡು, ಆ ದಶಕದ ಕೊನೆಯ ವೇಳೆಗೆ ಡಿಕ್ಕಿಯನ್ನೇ ಆಟದ ಅಂಗವನ್ನಾಗಿ ಮಾಡಲಾಯಿತು. ಮುಂದೆ ದೂರದರ್ಶನದ ಪ್ರಚಾರ ದೊರೆತು ಆಟವು ಜನಪ್ರಿಯವಾದರೂ, ಅದರಲ್ಲಿ ಕ್ರಮೇಣ ನಾಟಕದ ಅಂಶ ಬೆರೆಯಿತು. 1973ರಲ್ಲಿ ಸೆಲ್ಟ್‌ಸರ್ ಮನೆತನದ ಸಂಸ್ಥೆಯು ಬಾಗಿಲು ಮುಚ್ಚಿತು.

ಆಗಿನ ಪಥವು ಬಾವಿಯ ಅಂಚಿನಂತೆ ಒಳಗಡೆಗೆ ಇಳಿಜಾರಾಗಿರುತ್ತಿತ್ತು. ಅದನ್ನು ಮರದ ಹಲಗೆಗಳಿಂದ ಕಟ್ಟಬೇಕು, ಬಿಚ್ಚಬೇಕು, ಲಾರಿಗಳಲ್ಲಿ ಸಾಗಿಸಬೇಕು. ಹಣವಂತನಾದ ಮಾಲಿಕನೊಬ್ಬನಿಲ್ಲದೆ ಅದು ಸಾಧ್ಯವಿರಲಿಲ್ಲ. 2001ರ ಸುಮಾರಿಗೆ ಟೆಕ್ಸಾಸ್ ಪ್ರಾಂತದ ಆಸ್ಟಿನ್ ನಗರದ ಕೆಲವು ಮಹಿಳೆಯರು ಈ ಆಟಕ್ಕೆ ಮತ್ತೆ ಜೀವ ಕೊಟ್ಟರು. ಅವರಲ್ಲಿ ಒಂದು ಬಣವು 2003ರಲ್ಲಿ ಟೆಕ್ಸಾಸ್ ರೋಲರ್‌ಗರ್ಲ್ಸ್ ಎಂಬ ಹೆಸರಿನಿಂದ ಸಮತಲವಾದ ನೆಲದ ಮೇಲೆಯೇ ಆಡತೊಡಗಿತು. ನೆಲದ ಮೇಲೆ ಹಗ್ಗವನ್ನು ಹಾಸಿ, ಅದರ ಮೇಲೆ ಅಂಟುಪಟ್ಟಿಯನ್ನು ಎಳೆದರೆ ಪಥ ಸಿದ್ಧವಾಗುತ್ತದೆ. ಈ ಸಣ್ಣ ಬದಲಾವಣೆಯ ಪರಿಣಾಮ ಬಹಳ ದೊಡ್ಡದು. ಯಾವ ಊರಿನ ಯಾವ ಸಭಾಂಗಣವಾದರೂ ಆಟದ ಮೈದಾನವಾಗಬಹುದಾಯಿತು. ಆಟಗಾರ್ತಿಯರೇ ಸಂಘ ಕಟ್ಟಿ, ತಾವೇ ನಿಯಮಗಳನ್ನು ಬರೆದು, ತಾವೇ ಟಿಕೆಟು ಮಾರಿ ಆಟವನ್ನು ನಡೆಸುವಂತಾಯಿತು. 2004ರಲ್ಲಿ ಇಂಥ ಸಂಘಗಳು ಒಂದುಗೂಡಿ ರಚಿಸಿಕೊಂಡ ಒಕ್ಕೂಟವೇ ಮುಂದೆ ಮಹಿಳಾ ಸಮತಲ ಡರ್ಬಿ ಸಂಘವೆಂದು ಪ್ರಸಿದ್ಧವಾಯಿತು. ಅದರ ಮೊದಲ ಪಂದ್ಯಾವಳಿ 2006ರಲ್ಲಿ ಅರಿಜೋನದ ಟೂಸಾನ್ ನಗರದಲ್ಲಿ ಜರುಗಿತು. 2011ರಲ್ಲಿ ಟೊರಾಂಟೊದಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ 13 ದೇಶಗಳ ತಂಡಗಳಿದ್ದರೆ, 2018ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಮೂರನೆಯದರಲ್ಲಿ 38 ತಂಡಗಳಿದ್ದವು.

ಆಟದ ಕ್ರಮ

ಒಂದು ಪಂದ್ಯದ ಅವಧಿ 60 ನಿಮಿಷ; 30 ನಿಮಿಷಗಳ ಎರಡು ಭಾಗಗಳು. ಪ್ರತಿಯೊಂದು ಭಾಗವೂ ಜ್ಯಾಮ್ ಎಂಬ ಚಿಕ್ಕ ಚಿಕ್ಕ ಪಾಳಿಗಳಿಂದ ಕೂಡಿರುತ್ತದೆ. ಒಂದು ಜ್ಯಾಮ್ ಹೆಚ್ಚೆಂದರೆ ಎರಡು ನಿಮಿಷ ನಡೆಯುತ್ತದೆ. ಎರಡು ಜ್ಯಾಮುಗಳ ನಡುವೆ ಅರ್ಧ ನಿಮಿಷದ ಬಿಡುವು. ಪ್ರತಿ ಜ್ಯಾಮಿನಲ್ಲಿಯೂ ತಂಡಕ್ಕೆ ಐವರು ಆಡುತ್ತಾರೆ. ಹೆಲ್ಮೆಟಿನ ಮೇಲೆ ನಕ್ಷತ್ರದ ಗುರುತಿರುವವಳು ಜ್ಯಾಮರ್. ಉಳಿದ ನಾಲ್ವರು ಬ್ಲಾಕರುಗಳು, ಎಂದರೆ ತಡೆಯುವವರು. ಅವರಲ್ಲಿ ಪಟ್ಟೆಯ ಗುರುತಿರುವವಳು ಪಿವಟ್; ಅಗತ್ಯ ಬಿದ್ದಾಗ ಜ್ಯಾಮರಳು ತನ್ನ ನಕ್ಷತ್ರದ ಟೋಪಿಯನ್ನು ಇವಳ ಕೈಗೆ ಕೊಟ್ಟು ತನ್ನ ಕೆಲಸವನ್ನು ಒಪ್ಪಿಸಬಹುದು.

ನಮ್ಮ ಕಬಡ್ಡಿಯನ್ನು ಬಲ್ಲವರಿಗೆ ಇದು ಕಷ್ಟವಲ್ಲ. ಕಬಡ್ಡಿಯಲ್ಲಿ ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗುವಂತೆ, ಇಲ್ಲಿ ಜ್ಯಾಮರಳು ಎದುರಾಳಿ ಬ್ಲಾಕರುಗಳ ಗುಂಪನ್ನು ಭೇದಿಸಿಕೊಂಡು ಹೋಗಬೇಕು. ವ್ಯತ್ಯಾಸವೆಂದರೆ, ಇಲ್ಲಿ ಎರಡೂ ಕಡೆಯ ಜ್ಯಾಮರುಗಳು ಏಕಕಾಲದಲ್ಲಿ ನುಗ್ಗುತ್ತಾರೆ. ಮೊದಲ ಸಲ ಗುಂಪನ್ನು ದಾಟಿದ್ದಕ್ಕೆ ಅಂಕವಿಲ್ಲ. ಆಮೇಲೆ ಸುತ್ತಿ ಬಂದು ದಾಟುವ ಒಬ್ಬೊಬ್ಬ ಎದುರಾಳಿ ಬ್ಲಾಕರಿಗೂ ಒಂದೊಂದು ಅಂಕ. ನಾಲ್ವರನ್ನೂ ದಾಟಿದರೆ ನಾಲ್ಕು ಅಂಕ. ನಿಯಮಬದ್ಧವಾಗಿ ಮೊದಲು ಗುಂಪಿನಿಂದ ಹೊರಬಂದವಳು ಮುಂದಾಳು ಜ್ಯಾಮರ್ ಎನಿಸಿಕೊಳ್ಳುತ್ತಾಳೆ. ಅವಳು ತನಗೆ ಅನುಕೂಲವಾದ ಗಳಿಗೆಯಲ್ಲಿ ಎರಡು ಕೈಗಳಿಂದ ಸೊಂಟವನ್ನು ತಟ್ಟಿ ಜ್ಯಾಮನ್ನು ಅಲ್ಲಿಗೇ ನಿಲ್ಲಿಸಬಹುದು. ತಾನು ನಾಲ್ಕು ಅಂಕ ಗಳಿಸಿ, ಎದುರಾಳಿ ಗಳಿಸುವ ಮುನ್ನವೇ ಆಟ ನಿಲ್ಲಿಸುವುದು ಒಂದು ಜಾಣ್ಮೆ. ಆದ್ದರಿಂದ ಹೊಸ ಪ್ರೇಕ್ಷಕರು ಎಲ್ಲರನ್ನೂ ನೋಡುವ ಬದಲು ನಕ್ಷತ್ರದ ಗುರುತುಗಳೆರಡನ್ನು ಮಾತ್ರ ಹಿಂಬಾಲಿಸಿದರೆ ಸಾಕು. ಆಟವು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ತಳ್ಳುವುದಕ್ಕೂ ಕಟ್ಟುಪಾಡುಗಳಿವೆ. ಭುಜ, ತೋಳಿನ ಮೇಲ್ಭಾಗ, ಸೊಂಟ, ತೊಡೆಗಳಿಂದ ಡಿಕ್ಕಿ ಹೊಡೆಯಬಹುದು. ಕೈ, ಮೊಣಕೈ, ತಲೆಗಳನ್ನು ಬಳಸಕೂಡದು. ಎದುರಾಳಿಯ ಬೆನ್ನಿಗಾಗಲಿ ತಲೆಗಾಗಲಿ ಹೊಡೆಯಕೂಡದು. ತಪ್ಪಿದವಳು 30 ಸೆಕೆಂಡು ಹೊರಗೆ ಕುಳಿತಿರಬೇಕು. ಏಳು ಸಲ ತಪ್ಪಿದವಳಿಗೆ ಆ ಪಂದ್ಯವೇ ಮುಗಿದಂತೆ.

ತಿರುವಿನ ರಹಸ್ಯ

ಈಗ ಪಥವನ್ನು ಗಮನಿಸೋಣ. ಅದರ ಒಳಗೆರೆಯ ಎರಡು ತುದಿಗಳೂ 12.5 ಅಡಿ, ಎಂದರೆ ಸುಮಾರು 3.8 ಮೀಟರ್ ತ್ರಿಜ್ಯದ ಅರ್ಧವೃತ್ತಗಳು. ಆ ವೃತ್ತಗಳ ಕೇಂದ್ರಗಳ ನಡುವಣ ಅಂತರ 35 ಅಡಿ. ಲೆಕ್ಕ ಹಾಕಿದರೆ ಒಳಗೆರೆಯ ಸುತ್ತಳತೆ ಸುಮಾರು 148 ಅಡಿ ಬರುತ್ತದೆ. ಪಥದ ಅಗಲ 13 ಅಡಿಯಿಂದ 15 ಅಡಿಯವರೆಗೆ ಇರುತ್ತದೆ. ಇಷ್ಟು ಕಿರಿದಾದ ಹಾದಿಯಲ್ಲಿ ಪಳಗಿದ ಆಟಗಾರ್ತಿಯೊಬ್ಬಳು ಸೆಕೆಂಡಿಗೆ 5 ಮೀಟರ್, ಎಂದರೆ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುವಳೆಂದು ಇಟ್ಟುಕೊಳ್ಳೋಣ.

ಚಲಿಸುವ ವಸ್ತು ತಾನಾಗಿ ತಿರುಗುವುದಿಲ್ಲ. ಅದನ್ನು ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವೇಗಕ್ಕೆ ಬೇಕಾದ ಕೇಂದ್ರಾಭಿಮುಖ ಬಲವು ಆಕೆಯ ತೂಕದ ಅರ್ಧದಷ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಹಳೆಯ ಇಳಿಜಾರು ಪಥದಲ್ಲಿ ಈ ಬಲದ ದೊಡ್ಡ ಪಾಲನ್ನು ಓರೆಯಾದ ನೆಲವೇ ಒದಗಿಸುತ್ತಿತ್ತು. ಸಮತಲದಲ್ಲಿ ಅದನ್ನು ಗಾಲಿಗೂ ನೆಲಕ್ಕೂ ನಡುವಣ ಘರ್ಷಣೆಯೊಂದೇ ಕೊಡಬೇಕು. ಸೈಕಲ್ ಸವಾರನು ತಿರುವಿನಲ್ಲಿ ವಾಲುವಂತೆ ಆಟಗಾರ್ತಿಯೂ ಒಳಕ್ಕೆ ವಾಲುತ್ತಾಳೆ. ನಮ್ಮ ಲೆಕ್ಕದ ಪ್ರಕಾರ ಲಂಬರೇಖೆಯಿಂದ ಸುಮಾರು 27 ಡಿಗ್ರಿಗಳಷ್ಟು.

ವಾಲಿದೊಡನೆ ಬೂಟು ತಿರುಗುವುದು ಹೇಗೆ? ಇದಕ್ಕೆ ನಾವು 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ರೂಪಿಸಿದ ಸ್ಕೇಟಿಗೆ ಋಣಿಗಳು. ಮುಂದೆ ಎರಡು, ಹಿಂದೆ ಎರಡು ಗಾಲಿಗಳಿರುವ ಈ ಸ್ಕೇಟಿನಲ್ಲಿ ಅಚ್ಚುಗಳು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತವೆ. ತೂಕ ಒಂದು ಪಕ್ಕಕ್ಕೆ ಬಿದ್ದಾಗ ಮೆತ್ತೆಯು ಕುಗ್ಗಿ ಅಚ್ಚುಗಳು ಓರೆಯಾಗುತ್ತವೆ. ಸ್ಕೇಟು ಆ ಕಡೆಗೇ ತಿರುಗುತ್ತದೆ. ಗಾಲಿಗಳನ್ನು ಈಗ ಪಾಲಿಯುರೆಥೇನ್ ಎಂಬ ಪದಾರ್ಥದಿಂದ ಮಾಡುತ್ತಾರೆ. ನುಣುಪಾದ ನೆಲಕ್ಕೆ ಮೆದುವಾದ ಗಾಲಿ, ಹಿಡಿತವಿರುವ ನೆಲಕ್ಕೆ ಗಡುಸಾದ ಗಾಲಿ ಎಂಬುದು ಸಾಮಾನ್ಯವಾದ ಆಯ್ಕೆ. ಪಂದ್ಯಕ್ಕೆ ಮುನ್ನ ಆಟಗಾರ್ತಿಯರು ನೆಲದ ಮೇಲೆ ಒಂದೆರಡು ಸುತ್ತು ಹಾಕಿ, ಪಕ್ಕಕ್ಕೆ ಕುಳಿತು ಗಾಲಿಗಳನ್ನು ಬದಲಾಯಿಸುವುದನ್ನು ನೀವು ಕಾಣಬಹುದು. ಅದು ಘರ್ಷಣೆಯ ಪ್ರಯೋಗವೇ ಸರಿ. ಅದನ್ನು ನೋಡಲು ಅರ್ಧ ಗಂಟೆ ಮುಂಚಿತವಾಗಿ ಹೋಗುವುದು ಒಳ್ಳೆಯದು.

ಮಾನವ ಗೋಡೆ

ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಡಿಕ್ಕಿಯ ಕ್ಷಣದಲ್ಲಿ ಅದು ಹಂಚಿಹೋಗುತ್ತದೆಯೇ ಹೊರತು ನಾಶವಾಗುವುದಿಲ್ಲ. 60 ಕಿಲೋಗ್ರಾಂ ತೂಗುವ ಜ್ಯಾಮರಳು ಸೆಕೆಂಡಿಗೆ 5 ಮೀಟರ್ ವೇಗದಿಂದ ಬಂದು, ನಿಂತಿರುವ ಅಷ್ಟೇ ತೂಕದ ಒಬ್ಬ ಬ್ಲಾಕರಿಗೆ ಡಿಕ್ಕಿ ಹೊಡೆದು, ಇಬ್ಬರೂ ಒಟ್ಟಿಗೆ ಸಾಗಿದರೆ ವೇಗವು ಅರ್ಧಕ್ಕೆ ಇಳಿಯುತ್ತದೆ. ಆದರೆ ಮೂವರು ಬ್ಲಾಕರುಗಳು ತೋಳಿಗೆ ತೋಳು ತಾಗಿಸಿ ಒಂದೇ ಗೋಡೆಯಾಗಿ ನಿಂತಿದ್ದರೆ ವೇಗವು ಕಾಲುಭಾಗಕ್ಕೆ ಕುಸಿಯುತ್ತದೆ. ಜೊತೆಗೆ ಅವರು ಗಾಲಿಗಳನ್ನು ಅಡ್ಡಲಾಗಿ ತಿರುಗಿಸಿ, ಮಂಡಿ ಬಾಗಿಸಿ, ಗುರುತ್ವಕೇಂದ್ರವನ್ನು ತಗ್ಗಿಸಿ ನಿಂತರೆ ಜ್ಯಾಮರಳು ಅಲ್ಲಿಯೇ ನಿಂತುಬಿಡುತ್ತಾಳೆ. ಒಬ್ಬಂಟಿಯಾದ ಬಲಶಾಲಿಗಿಂತ ಒಗ್ಗಟ್ಟಾದ ಮೂವರು ಸಾಧಾರಣ ಆಟಗಾರ್ತಿಯರೇ ಮೇಲು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸಂವೇಗವನ್ನು ದಾನ ಮಾಡುವುದೂ ಉಂಟು. ಬ್ಲಾಕರಳು ತನ್ನ ಕೈ ಚಾಚಿದಾಗ ಅದನ್ನು ಹಿಡಿದ ಜ್ಯಾಮರಳು ಚಾಟಿಯ ತುದಿಯಂತೆ ಮುಂದಕ್ಕೆ ಚಿಮ್ಮುತ್ತಾಳೆ. ಕೊಟ್ಟವಳ ವೇಗ ಕುಗ್ಗುತ್ತದೆ, ಪಡೆದವಳ ವೇಗ ಹೆಚ್ಚುತ್ತದೆ. ಒಟ್ಟು ಲೆಕ್ಕ ಸರಿಹೋಗುತ್ತದೆ.

ಎಲ್ಲಿ ಕುಳಿತುಕೊಳ್ಳಬೇಕು?

ಪ್ರೇಕ್ಷಕರಿಗೆ ಅತ್ಯಂತ ಮುಖ್ಯವಾದ ವಿಷಯ ಇದು. ಕೆಲವೆಡೆ ಪಥದ ಸುತ್ತ ನೆಲದ ಮೇಲೆಯೇ ಕುಳಿತು ನೋಡುವ ಅವಕಾಶವಿರುತ್ತದೆ. ಪಥಕ್ಕೂ ಆ ಸಾಲಿಗೂ ನಡುವೆ ಸಾಮಾನ್ಯವಾಗಿ 10 ಅಡಿ ಬಯಲನ್ನು ಬಿಟ್ಟಿರುತ್ತಾರೆ. ಅದೇಕೆ 10 ಅಡಿ? ಸೆಕೆಂಡಿಗೆ 5 ಮೀಟರ್ ವೇಗದಲ್ಲಿರುವ ಆಟಗಾರ್ತಿ ಹೊರಕ್ಕೆ ತಳ್ಳಲ್ಪಟ್ಟು ನೆಲಕ್ಕೆ ಬಿದ್ದು ಜಾರಿದಳೆನ್ನಿ. ಘರ್ಷಣೆಯು ಅವಳ ತೂಕದ ಹತ್ತರಲ್ಲಿ ನಾಲ್ಕು ಪಾಲಿನಷ್ಟಿದ್ದರೆ, ಅವಳು ನಿಲ್ಲುವುದಕ್ಕೆ ಸುಮಾರು 3 ಮೀಟರ್ ಬೇಕು. ಅದು ಹೆಚ್ಚುಕಡಿಮೆ 10 ಅಡಿಯೇ! ನಿಯಮ ಬರೆದವರು ಈ ಸಮೀಕರಣವನ್ನು ಬಿಡಿಸಿದ್ದರೋ ಅನುಭವದಿಂದ ಕಂಡುಕೊಂಡರೋ, ಅಂತೂ ಎರಡಕ್ಕೂ ಒಪ್ಪಿಗೆಯಿದೆ. ಆದರೆ ನೆಲ ಇನ್ನೂ ನುಣುಪಾಗಿದ್ದರೆ, ಇಲ್ಲವೇ ಅವಳ ವೇಗ ಇನ್ನೂ ಹೆಚ್ಚಿದ್ದರೆ ಈ ಅಂತರವೂ ಸಾಲದು. ಆ ವೇಗದಲ್ಲಿ ಅವಳಲ್ಲಿರುವ ಚಲನಶಕ್ತಿಯು ಎದೆಯೆತ್ತರದ ಗೋಡೆಯಿಂದ ಕೆಳಕ್ಕೆ ಬಿದ್ದವರಲ್ಲಿರುವಷ್ಟೇ ಆಗಿರುತ್ತದೆ. ಆದುದರಿಂದಲೇ ಅಂಚಿನ ಸಾಲನ್ನು ವಯಸ್ಕರಿಗೆ ಮಾತ್ರ ಮೀಸಲಿಡುವ ಪದ್ಧತಿ ಬೆಳೆದಿದೆ. ಅಲ್ಲಿ ಕುಳಿತವರು ಕಾಲು ಚಾಚಬಾರದು. ಚೀಲವನ್ನಾಗಲಿ ಪಾನೀಯದ ಲೋಟವನ್ನಾಗಲಿ ಮುಂದೆ ಇಡಬಾರದು. ಚೆಲ್ಲಿದ ಒಂದು ಗುಟುಕು ನೀರು ಘರ್ಷಣೆಯನ್ನು ಕುಗ್ಗಿಸಿ ಆಟಗಾರ್ತಿಯ ಮೂಳೆ ಮುರಿಯಬಲ್ಲದು.

ಹೊಸಬರೂ, ಮಕ್ಕಳೊಡನೆ ಬಂದವರೂ, ಹಿರಿಯರೂ ಮೇಲಿನ ಸಾಲುಗಳನ್ನೇ ಆರಿಸಿಕೊಳ್ಳುವುದು ಕ್ಷೇಮ. ಅಲ್ಲಿಂದ ಆಟವೂ ಹೆಚ್ಚು ಸ್ಪಷ್ಟ. ಕೆಳಗಿನಿಂದ ನೋಡುವವನಿಗೆ ಹತ್ತಿರದ ಬೆನ್ನುಗಳು ದೂರದವರನ್ನು ಮರೆಮಾಡುತ್ತವೆ. ಮೇಲಿನಿಂದ ನೋಡುವವನಿಗೆ ಗೋಡೆ ಕಟ್ಟುವುದು, ಬಿರುಕು ಬಿಡುವುದು, ನಕ್ಷತ್ರವು ಆ ಬಿರುಕಿನಲ್ಲಿ ನುಸುಳುವುದು ನಕ್ಷೆಯಂತೆ ತೋರುತ್ತವೆ.

ಇತರ ಸೂಚನೆಗಳು

ಪಂದ್ಯಾವಳಿಗಳು ಹಲವು ವೇಳೆ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತವೆ. ದಿನಕ್ಕೆ ಅನೇಕ ಪಂದ್ಯಗಳಿರುತ್ತವೆ. ಗಡಿಯಾರದಲ್ಲಿ 60 ನಿಮಿಷದ ಆಟವಾದರೂ ಬಿಡುವು, ವಿರಾಮ, ತಕರಾರುಗಳ ವಿಚಾರಣೆ ಸೇರಿ ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹೊಸಬರಿಗೆ ಮೊದಲ ದಿನ ಎರಡು ಪಂದ್ಯಗಳು ಸಾಕು. ಕೂಡುವ ಸ್ಥಳಗಳೂ ಬಗೆಬಗೆಯವು. ಆರಿಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರವನ್ನೇ ತೆಗೆದುಕೊಳ್ಳಿ. ಅಲ್ಲಿನ ರೋಸ್ ಸಿಟಿ ಸಂಘದ ಪಂದ್ಯಗಳು 1905ರಲ್ಲಿ ತೆರೆದ ಓಕ್ಸ್ ವಿಹಾರೋದ್ಯಾನದ ಕಟ್ಟಡವೊಂದರಲ್ಲಿ ನಡೆದಿವೆ. 2016ರ ಒಕ್ಕೂಟದ ಅಂತಿಮ ಪಂದ್ಯಾವಳಿಯಾದರೋ ಅದೇ ನಗರದ ದೊಡ್ಡ ಕ್ರೀಡಾಂಗಣದಲ್ಲಿ ಜರುಗಿತು. ಮೊದಲನೆಯಂಥ ಸ್ಥಳಕ್ಕೆ ಹೋಗುವವರು ಕುಳಿತುಕೊಳ್ಳಲು ಮೆತ್ತೆಯನ್ನು ಒಯ್ದರೆ ಅನುಕೂಲ. ಚಿತ್ರ ತೆಗೆಯುವವರು ಫ್ಲ್ಯಾಷ್ ದೀಪವನ್ನು ಬಳಸದಿರಲಿ. ಕಣ್ಣು ಕೋರೈಸಿದ ಒಂದು ಕ್ಷಣದಲ್ಲಿ ಆಟಗಾರ್ತಿ ಹಲವು ಅಡಿ ಸಾಗಿರುತ್ತಾಳೆ. ಅಂಗಿಗಳ ಮೇಲಿನ ಹೆಸರುಗಳನ್ನು ಓದಿ ಬೆರಗಾಗಬೇಡಿ. ವಿನೋದದ ಅಡ್ಡಹೆಸರಿಟ್ಟುಕೊಳ್ಳುವುದು ಈ ಆಟದ ಸಂಪ್ರದಾಯ.

ಮಂಡಿ, ಮೊಣಕೈ, ಮಣಿಕಟ್ಟುಗಳಿಗೆ ಕವಚಗಳೂ ಹಲ್ಲಿಗೆ ರಕ್ಷಾಪಟ್ಟಿಯೂ ಕಡ್ಡಾಯ. ಮೆತ್ತೆಯು ದೇಹ ನಿಲ್ಲುವ ಕಾಲವನ್ನು ಐದು ಪಟ್ಟು ಹಿಗ್ಗಿಸಿದರೆ ಪೆಟ್ಟಿನ ಸರಾಸರಿ ಬಲವು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೂ ಪೆಟ್ಟು ಬೀಳದೆ ಇರುವುದಿಲ್ಲ. ಯಾರಾದರೂ ಬಿದ್ದು ಏಳದಿದ್ದಾಗ ಎರಡೂ ತಂಡದವರು ಇದ್ದಲ್ಲಿಯೇ ಒಂದು ಮಂಡಿಯೂರಿ ಕುಳಿತುಬಿಡುತ್ತಾರೆ, ಸಭಾಂಗಣ ಮೌನವಾಗುತ್ತದೆ. ಅವಳು ಎದ್ದಾಗ, ಅಥವಾ ಅವಳನ್ನು ಎತ್ತಿಕೊಂಡು ಹೋಗುವಾಗ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಆಗ ನೀವೂ ತಟ್ಟಿ. ಅವಳು ಯಾವ ತಂಡದವಳೆಂದು ಕೇಳಬೇಡಿ.

ಈ ಆಟಗಾರ್ತಿಯರಲ್ಲಿ ಬಹುಮಂದಿ ಹಗಲೆಲ್ಲ ಬೇರೆ ಉದ್ಯೋಗ ಮಾಡಿ, ಸಂಜೆಯಲ್ಲಿ ಅಭ್ಯಾಸ ಮಾಡುವವರು. ಓರೆ ಹಲಗೆಗಳ ಆಸರೆಯನ್ನು ಬಿಟ್ಟು ಬರಿಯ ನೆಲವನ್ನು ಒಪ್ಪಿಕೊಂಡಾಗ ಅವರು ಕಷ್ಟವಾದ ತಿರುವನ್ನು ಆರಿಸಿಕೊಂಡರು. ಅದರೊಡನೆ ಆಟವೂ ಅವರ ಸ್ವಂತದ್ದಾಯಿತು. ಟಿಕೆಟಿನ ಬೆಲೆಯನ್ನು ಕೊಡುವಾಗ ಇದಿಷ್ಟು ನೆನಪಿನಲ್ಲಿದ್ದರೆ, ನೋಡುವ ಸಂತೋಷ ಇಮ್ಮಡಿಯಾಗುವುದರಲ್ಲಿ ಸಂದೇಹವಿಲ್ಲ.