ಓಣಿಯ ಪ್ರಶ್ನೆಗೆ ಪಿಎಚ್‌.ಡಿ. ಅರ್ಜಿ

ಧಾರಾವಿಯ ನಮ್ಮ ಓಣಿಯಲ್ಲಿ ಆನ್‌ಲೈನ್ ಅರ್ಜಿ ಅಂದರೆ ಅದು ನನ್ನ ಪಾಲಿನ ಕೆಲಸ. ಪ್ಯಾನ್ ಕಾರ್ಡ್ ತಿದ್ದುಪಡಿ, ಸ್ಕಾಲರ್‌ಶಿಪ್, ರೈಲ್ವೆ ನೇಮಕಾತಿ ಎಲ್ಲಕ್ಕೂ ‘ಕಂಪ್ಯೂಟರ್ ಸರ್’ ಬಾಗಿಲು ತಟ್ಟುತ್ತಾರೆ. ದಾವಣಗೆರೆ ಕಡೆಯವನಾದ ನಾನು ಎಂ.ಟೆಕ್. ಮುಗಿಸಿ, ಮಿಠಿ ನದಿಯ ಆಚೆಗಿನ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಕ್ಕಪಕ್ಕದಲ್ಲಿ ಕಲಬುರಗಿ, ಯಾದಗಿರಿಯಿಂದ ಬಂದ ಕುಟುಂಬಗಳಿವೆ. ಅಂಥ ಒಂದು ಮನೆಯ ಹುಡುಗಿ, ಎಂ.ಎ. ಸೈಕಾಲಜಿ ಮುಗಿಸಿದವಳು, ಕಳೆದ ವರ್ಷ ತಂದ ಅರ್ಜಿ ಮಾತ್ರ ನನಗೂ ಹೊಸದು. ಅದು ಕ್ಲಿನಿಕಲ್ ಸೈಕಾಲಜಿಯಲ್ಲಿ ಸಂಶೋಧನೆ ಮಾಡುವ ಪಿಎಚ್‌.ಡಿ. ಅರ್ಜಿ.

ಅವಳು ಕೇಳಿದ ಮೊದಲ ಪ್ರಶ್ನೆಯೇ ಮುಖ್ಯವಾದದ್ದು. ‘ಅಣ್ಣಾ, ಪಿಎಚ್‌.ಡಿ. ಆದಮ್ಯಾಲ ಪೇಶಂಟ್ ನೋಡ್ಲಿಕ್ಕೆ ಬರ್ತದೇನ್ರಿ?’

ಬರುವುದಿಲ್ಲ. ನಮ್ಮ ದೇಶದಲ್ಲಿ ಇವೆರಡೂ ಬೇರೆ ಬೇರೆ ದಾರಿ. ಚಿಕಿತ್ಸೆ ಕೊಡಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ಮಾನ್ಯತೆ ಇರುವ ಕೋರ್ಸ್ ಮತ್ತು ನೋಂದಣಿ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರು ಎಂಬುದನ್ನು ಹೀಗೆಯೇ ಹೇಳುತ್ತದೆ. ಬರೀ ಸಂಶೋಧನಾ ಪಿಎಚ್‌.ಡಿ. ಹೆಸರಿನ ಹಿಂದೆ ‘ಡಾ.’ ತರುತ್ತದೆ, ಚಿಕಿತ್ಸೆಯ ಅಧಿಕಾರ ತರುವುದಿಲ್ಲ. ಇಷ್ಟು ವರ್ಷ ಆ ಅಧಿಕಾರದ ಮುಖ್ಯ ಬಾಗಿಲಾಗಿದ್ದದ್ದು ಎರಡು ವರ್ಷದ ಎಂ.ಫಿಲ್. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಅನ್ನೇ ನಿಲ್ಲಿಸಿ, ಕ್ಲಿನಿಕಲ್ ಸೈಕಾಲಜಿಗೆ 2025–26ರವರೆಗೆ ವಿನಾಯಿತಿ ಕೊಟ್ಟಿತು. ಆದ್ದರಿಂದ ಚಿಕಿತ್ಸೆಯೇ ಗುರಿಯಾಗಿರುವವರು ಕೋರ್ಸಿನ ಹೆಸರಿಗಿಂತ ಮೊದಲು ಆರ್‌ಸಿಐ ಮಾನ್ಯತೆಯನ್ನು ನೋಡಬೇಕು.

ಅಮೆರಿಕದಲ್ಲಿ ಲೆಕ್ಕ ಬೇರೆ. 1949ರಲ್ಲಿ ಕೊಲರಾಡೊದ ಬೌಲ್ಡರ್‌ನಲ್ಲಿ ನಡೆದ ಸಮ್ಮೇಳನ, ಮನಶ್ಶಾಸ್ತ್ರಜ್ಞ ಸಂಶೋಧಕನೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ತೀರ್ಮಾನಿಸಿತು. ಅಲ್ಲಿನ ಪಿಎಚ್‌.ಡಿ.ಯಲ್ಲಿ ಎರಡೂ ತರಬೇತಿ ಒಟ್ಟಿಗೆ ಸಿಗುತ್ತವೆ. ಅಲ್ಲಿಗೆ ಅರ್ಜಿ ಹಾಕುವವರ ಮಾಹಿತಿ ಓದಿಕೊಂಡು ಇಲ್ಲಿ ಅರ್ಜಿ ತುಂಬಲು ಹೊರಟರೆ ಗೊಂದಲ ಖಂಡಿತ.

ಚಿಕಿತ್ಸೆಯ ಅಧಿಕಾರ ಸಿಗದಿದ್ದರೆ ಸಂಶೋಧನೆ ಯಾಕೆ? ಇದನ್ನು ಅವಳ ಅಪ್ಪನೂ ಕೇಳಿದರು. ನಾನು ಗೋವಾದ ಉದಾಹರಣೆ ಕೊಟ್ಟೆ. ಮುಂಬೈಯಲ್ಲಿ ವೈದ್ಯಶಾಸ್ತ್ರ ಓದಿದ ಡಾ. ವಿಕ್ರಮ್ ಪಟೇಲ್ ಮತ್ತು ತಂಡ ಅಲ್ಲಿ ‘ಮಾನಸ್’ ಎಂಬ ಪ್ರಯೋಗ ನಡೆಸಿತು. ಮನೋವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಖಿನ್ನತೆ, ಆತಂಕ ಇರುವವರಿಗೆ ನೆರವಾಗಬಲ್ಲರೇ ಎಂಬುದು ಪ್ರಶ್ನೆ. 2010ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಫಲಿತಾಂಶ ಬಂತು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಚೇತರಿಸಿಕೊಂಡವರು ಹೆಚ್ಚಿದ್ದರು, ಖಾಸಗಿ ಕ್ಲಿನಿಕ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಬ್ಬ ಚಿಕಿತ್ಸಕ ದಿನಕ್ಕೆ ನೋಡಬಹುದಾದದ್ದು ಬೆರಳೆಣಿಕೆಯ ಜನರನ್ನು. ಯಾವ ವಿಧಾನ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಸಂಶೋಧನೆ ತಿಳಿಸಿದರೆ ಅದು ಸಾವಿರಾರು ಜನರಿಗೆ ಮುಟ್ಟುತ್ತದೆ.

ನಮ್ಮವರ ಲೆಕ್ಕವಂತೂ ಇನ್ನೂ ಹಿಂದಿದೆ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಕಾಯಿಲೆಗೆ ಅನುಗುಣವಾಗಿ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ ಎಂದು ಅದು ತೋರಿಸಿತು. ಆ 12ರಲ್ಲಿ ಮಹಾರಾಷ್ಟ್ರವೂ ಇರಲಿಲ್ಲ, ಕರ್ನಾಟಕವೂ ಇರಲಿಲ್ಲ.

ಇನ್ನು ಅರ್ಜಿಯ ವಿಷಯ. 2024ರ ಜೂನ್‌ನಿಂದ ಯುಜಿಸಿ–ನೆಟ್ ಅಂಕಗಳನ್ನೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಸಬಹುದು. ಜೆಆರ್‌ಎಫ್ ಸಿಕ್ಕವರಿಗೆ ಸಂದರ್ಶನ ಸಾಕು, ಉಳಿದವರಿಗೆ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30. ಜೆಆರ್‌ಎಫ್‌ಗೆ ವಯೋಮಿತಿ 30. ಮಹಿಳೆಯರು, ಒಬಿಸಿ, ಪರಿಶಿಷ್ಟರು, ಅಂಗವಿಕಲರಿಗೆ ಐದು ವರ್ಷದ ಸಡಿಲಿಕೆ ಇದೆ. ಕೆಲವು ಸಂಸ್ಥೆಗಳು ತಮ್ಮದೇ ಪರೀಕ್ಷೆ ನಡೆಸುವುದರಿಂದ ಆಯಾ ವರ್ಷದ ಪ್ರಾಸ್ಪೆಕ್ಟಸ್ ಓದಲೇಬೇಕು.

ಅರ್ಜಿದಾರರು ಗಮನಿಸದೆ ಬಿಡುವ ಒಂದು ಅಂಶವಿದೆ. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿಮ್ಮ ವಿಷಯ ಬಲ್ಲವರ ಬಳಿ ಜಾಗ ಇಲ್ಲದಿದ್ದರೆ ಅಂಕ ಎಷ್ಟಿದ್ದರೂ ಕಷ್ಟ. ಆದ್ದರಿಂದ ಮೊದಲು ಮಾರ್ಗದರ್ಶಕರ ಪ್ರಬಂಧಗಳನ್ನು ಓದಿ, ಆಮೇಲೆ ಸಂಸ್ಥೆಯನ್ನು ಆರಿಸಿಕೊಳ್ಳಿ. ಅವಳೂ ಹಾಗೆಯೇ ಮಾಡಿದಳು. ದೇವನಾರದ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಕಲೀನಾದ ಮುಂಬೈ ವಿಶ್ವವಿದ್ಯಾಲಯ, ಬೆಂಗಳೂರಿನ ನಿಮ್ಹಾನ್ಸ್ ಮೂರರ ಅಧ್ಯಾಪಕರ ಪಟ್ಟಿಯನ್ನೂ ಹಾಳೆಯಲ್ಲಿ ಬರೆದಿಟ್ಟುಕೊಂಡು ಒಬ್ಬೊಬ್ಬರ ಕೆಲಸ ಓದಿದಳು.

ಪ್ರಸ್ತಾವನೆಯ ಮೊದಲ ಕರಡು ‘ಕೊಳೆಗೇರಿಗಳಲ್ಲಿ ಮಾನಸಿಕ ಒತ್ತಡ’ ಎಂದಿತ್ತು. ಇದನ್ನು ಯಾವ ಊರಲ್ಲಿ ಕೂತೂ ಬರೆಯಬಹುದು. ಧಾರಾವಿಯಲ್ಲೇ ಹುಟ್ಟಿ ಬೆಳೆದವಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಯಾವುದು ಎಂದು ಕೇಳಿದೆ. ಎರಡು ವಾರದ ನಂತರ ಅವಳು ತಂದದ್ದು ಬೇರೆಯದೇ ಪ್ರಶ್ನೆ.

2024ರ ಮಾರ್ಚ್‌ನಲ್ಲಿ ಧಾರಾವಿ ಪುನರಭಿವೃದ್ಧಿಯ ಮನೆ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿ ಇದ್ದೇವೆ ಎಂದು ದಾಖಲೆ ತೋರಿಸಿದವರಿಗೆ ಇಲ್ಲೇ ಉಚಿತ ಮನೆ. ಆಮೇಲೆ ಬಂದವರಿಗೆ, ಮೇಲಿನ ಮಹಡಿಯವರಿಗೆ ಬೇರೆ ನಿಯಮ. ‘ಮನಿ ಉಳೀತದೋ ಇಲ್ಲೋ ಅಂತ ನಿದ್ದಿ ಬರಂಗಿಲ್ಲ’, ‘ಎದಿ ಡವಡವ ಅಂತದ’ ಎನ್ನುವ ಹೆಂಗಸರು ಓಣಿಯಲ್ಲಿ ಇದ್ದಾರೆ. ಯಾರೂ ‘ನನಗೆ ಆತಂಕ’ ಎನ್ನುವುದಿಲ್ಲ. ಗ್ರಾಂಥಿಕ ಕನ್ನಡಕ್ಕೆ ಅನುವಾದವಾದ ಪ್ರಶ್ನಾವಳಿ ಈ ಮಾತನ್ನು ಹಿಡಿಯುತ್ತದೆಯೇ? ಹಿಡಿಯದಿದ್ದರೆ ನಮ್ಮವರ ಸಂಕಟ ಲೆಕ್ಕಕ್ಕೇ ಬರುವುದಿಲ್ಲ. ಇದು ಅವಳ ಪ್ರಶ್ನೆ. ನಾವು ಸಾಫ್ಟ್‌ವೇರ್‌ನವರು ಹೇಳುವಂತೆ, ಇನ್‌ಪುಟ್ಟೇ ತಪ್ಪಾದರೆ ಮುಂದಿನ ಲೆಕ್ಕವೆಲ್ಲ ದಂಡ.

ಸಂದರ್ಶನದಲ್ಲಿ ನೈತಿಕತೆಯ ಪ್ರಶ್ನೆ ಬಂದೇ ಬರುತ್ತದೆಂದು ಅದಕ್ಕೂ ತಯಾರಿ ನಡೆಸಿದೆವು. ಹತ್ತಡಿ ಕೋಣೆಯಲ್ಲಿ ಅತ್ತೆ ಪಕ್ಕದಲ್ಲೇ ಕೂತಿರುವಾಗ ಸೊಸೆ ಮನಸ್ಸು ಬಿಚ್ಚುವುದು ಹೇಗೆ? ಸಂಶೋಧಕಿ ನೆರೆಮನೆಯವಳೇ ಆದರೆ ಗುಟ್ಟು ಉಳಿಯುತ್ತದೆಂಬ ನಂಬಿಕೆ ಹೇಗೆ? ಯಾರಾದರೂ ಸಾಯುವ ಮಾತಾಡಿದರೆ ಏನು ಮಾಡಬೇಕು? ಮಾತುಕತೆಗೆ ಮನೆಯಿಂದ ಹೊರಗೆ ಜಾಗ, ಗುರುತಿರುವ ಮನೆಗಳಿಗೆ ಬೇರೆ ಸಂದರ್ಶಕಿ, ಪಕ್ಕದ ಸಾಯನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸುವ ವ್ಯವಸ್ಥೆ, ಟೆಲಿ–ಮಾನಸ್ ಸಹಾಯವಾಣಿ 14416 ಎಲ್ಲವನ್ನೂ ಪ್ರಸ್ತಾವನೆಯಲ್ಲಿ ಬರೆದಳು.

ಕೊನೆಗೆ ದುಡ್ಡಿನ ಮಾತು. ‘ನೀವೇ ಹೇಳ್ರಿ ಸರ, ಇನ್ನಾ ಐದು ವರ್ಷ ಓದಿದ್ರ ಮನಿ ನಡಿಯೋದು ಹ್ಯಾಂಗ?’ ಎಂದರು ಅಪ್ಪ. ಅವರ ಪ್ರಶ್ನೆ ನ್ಯಾಯವಾದದ್ದೇ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಸಿಗದಿದ್ದರೆ ಉದ್ಯೋಗದಾತರ ನಿರಾಕ್ಷೇಪಣಾ ಪತ್ರದೊಂದಿಗೆ ಅರೆಕಾಲಿಕ ಪಿಎಚ್‌.ಡಿ. ಮಾಡಬಹುದು. ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6. ಎರಡು ಬಾರಿ ನೆಟ್ ಬರೆಯಲಿ, ಜೆಆರ್‌ಎಫ್ ಬಾರದಿದ್ದರೆ ನೌಕರಿ ಹಿಡಿದು ಅರೆಕಾಲಿಕವಾಗಿ ಓದಲಿ ಎಂದು ಮನೆಯಲ್ಲಿ ಮಾತಾಗಿದೆ. ಅಪ್ಪ ಒಪ್ಪಿದ್ದಾರೆ.

ನನ್ನಂತೆ ಎಂಜಿನಿಯರಿಂಗ್ ಓದಿ ಈ ಕಡೆ ಮನಸ್ಸು ಎಳೆಯುತ್ತಿರುವ ಗೆಳೆಯರು ದೂರಶಿಕ್ಷಣದ ಎಂ.ಎ. ಸೈಕಾಲಜಿ ನಂಬಿ ಹೊರಡಬೇಡಿ. 2025ರ ಜುಲೈ–ಆಗಸ್ಟ್‌ನಿಂದ ಯುಜಿಸಿ ಅದನ್ನು ನಿಲ್ಲಿಸಿದೆ. ಆದರೆ ಐಐಟಿ ಕಾನ್ಪುರದಂಥ ಕಡೆ ಕಾಗ್ನಿಟಿವ್ ಸೈನ್ಸ್ ಸಂಶೋಧನೆಗೆ ಎಂಜಿನಿಯರ್‌ಗಳಿಗೂ ಬಾಗಿಲು ತೆರೆದಿದೆ. 2022ರಲ್ಲಿ ಶುರುವಾದ ಟೆಲಿ–ಮಾನಸ್‌ಗೆ ನಿಮ್ಹಾನ್ಸ್ ಜೊತೆ ತಾಂತ್ರಿಕ ಬೆಂಬಲ ಕೊಟ್ಟದ್ದು ಬೆಂಗಳೂರಿನ ಐಐಐಟಿ. ಕೋಡ್ ಬರೆಯುವವರಿಗೂ ಇಲ್ಲಿ ಕೆಲಸವಿದೆ.

ಈಗ ಅವಳು ಡಿಸೆಂಬರ್ ನೆಟ್‌ಗೆ ಓದುತ್ತಿದ್ದಾಳೆ. ಓಣಿಯ ಹೆಂಗಸರು ಸಂಕಟಕ್ಕೆ ಬಳಸುವ ಮಾತುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದಾಳೆ, ಯಾರ ಹೆಸರೂ ಇಲ್ಲದೆ. ನಿಮ್ಮ ಓಣಿಯಲ್ಲೂ ಅಂಥ ಹುಡುಗಿಯೋ ಹುಡುಗನೋ ಇದ್ದರೆ ಅರ್ಜಿಯ ಕೊನೆಯ ದಿನಾಂಕ ನೆನಪಿಸಿ. ಪ್ರಸ್ತಾವನೆಯ ಕರಡನ್ನು ಒಮ್ಮೆ ಕೂತು ಓದಿಕೊಡಿ.