ಘಟ್ಟ ಇಳಿಯುವ ಸೈಕಲ್ಲಿಗೆ ರಸ್ತೆಯ ಗೇರು

ಅರಬೈಲ್ ಘಟ್ಟ ಇಳಿಯುವ ಸೈಕಲ್ಲಿಗೆ ಚೈನು ಬೇಕೇ? ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳು ಸಾಲುಗಟ್ಟುತ್ತಿದ್ದ ಕಾಲದಲ್ಲಿ ಆ ಘಟ್ಟದ ತುಂಬ ಕೇಳುತ್ತಿದ್ದುದು ಕೆಳಗಿನ ಗೇರಿನಲ್ಲಿ ನರಳುವ ಇಂಜಿನ್ನಿನ ಸದ್ದು. ಇಳಿಯುವ ಲಾರಿಯನ್ನು ಗೇರೇ ಜಗ್ಗಿ ಹಿಡಿಯುತ್ತದೆ. ಸೈಕಲ್ಲಿಗೆ ಆ ಅನುಕೂಲವಿಲ್ಲ. ಹಿಂದಿನ ಚಕ್ರದ ಫ್ರೀವೀಲು ಒಂದೇ ದಿಕ್ಕಿಗೆ ಕಚ್ಚಿಕೊಳ್ಳುವುದರಿಂದ, ಕಾಲು ನಿಂತರೂ ಚಕ್ರ ಓಡುತ್ತಲೇ ಇರುತ್ತದೆ. ಇಳಿಜಾರಿನಲ್ಲಿ ಚೈನು ವೇಗ ಕೂಡಿಸಬಹುದೇ ಹೊರತು ತಡೆಯಲಾರದು. ಕೂಡಿಸುವುದಾದರೂ ಎಷ್ಟು?

2015ರ ಜೂನ್‌ನಲ್ಲಿ ಇದಕ್ಕೊಂದು ಉತ್ತರ ಸಿಕ್ಕಿತು. ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ಡೌನ್‌ಹಿಲ್ ವಿಶ್ವಕಪ್ಪಿನ, ಅಂದರೆ ಬೆಟ್ಟ ಇಳಿಯುವ ಸೈಕಲ್ ಸ್ಪರ್ಧೆಯ, ಒಂದು ಸುತ್ತು. ಅಮೆರಿಕದ ಏರನ್ ಗ್ವಿನ್ ಹೊರಟು ಮೊದಲ ಪೆಡಲುಗಳನ್ನು ತುಳಿಯುತ್ತಿದ್ದಂತೆಯೇ ಚೈನು ಕಡಿದುಹೋಯಿತು. ಕೆಳಗಿನವರೆಗೂ ಒಂದೇ ಒಂದು ಪೆಡಲು ತುಳಿಯಲಾಗದೆ ಇಳಿದ ಆತ ಸ್ಪರ್ಧೆಯನ್ನೇ ಗೆದ್ದ.

ಇದರ ಹಿಂದಿರುವ ಲೆಕ್ಕ ಹೈಸ್ಕೂಲಿನದು. ಸವಾರ ಮತ್ತು ಸೈಕಲ್ ಸೇರಿ 95 ಕಿಲೋ ಎನ್ನೋಣ. ನೂರು ಮೀಟರ್ ಮುಂದೆ ಹೋದರೆ ಹದಿನೈದು ಮೀಟರ್ ಇಳಿಯುವ ಜಾಡಿನಲ್ಲಿ ಗುರುತ್ವ ಅವರನ್ನು ಸುಮಾರು 138 ನ್ಯೂಟನ್ ಬಲದಿಂದ ಎಳೆಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಆ ಎಳೆತದ ಸಾಮರ್ಥ್ಯ 1500 ವ್ಯಾಟ್ ದಾಟುತ್ತದೆ. ಪಳಗಿದ ಸವಾರನ ಕಾಲು ಬಹುಹೊತ್ತು ಕೊಡಬಲ್ಲದ್ದು 250ರಿಂದ 300 ವ್ಯಾಟ್. ಪ್ರಾಣ ಬಿಟ್ಟು ತುಳಿದರೆ ಕೆಲವು ಸೆಕೆಂಡ್ ಮಾತ್ರ ಸಾವಿರ. ಭೂಮಿ ಪುಕ್ಕಟೆಯಾಗಿ ಕೊಡುವುದರ ಮುಂದೆ ಕಾಲಿನ ಕೊಡುಗೆ ಚಿಲ್ಲರೆ.

ಆದರೂ ಡೌನ್‌ಹಿಲ್ ಸೈಕಲ್ಲಿಗೆ ಗೇರು ಇದ್ದೇ ಇದೆ. ಹೊರಡುವಾಗ, ನಡುವೆ ಬರುವ ಮಟ್ಟಸ ಜಾಗದಲ್ಲಿ, ತಿರುವಿನಲ್ಲಿ ಬ್ರೇಕು ಹಿಡಿದು ಕಳೆದುಕೊಂಡ ವೇಗವನ್ನು ಮರಳಿ ಪಡೆಯಲು ಅದು ಬೇಕು. ಮುಂದೆ ಹಿಂದೆ ಸುಮಾರು 200 ಮಿ.ಮೀ. ಕುಗ್ಗುವ ಸಸ್ಪೆನ್ಷನ್, ದಪ್ಪ ಟೈರು, ದೊಡ್ಡ ಡಿಸ್ಕ್ ಬ್ರೇಕು, ಹದಿನೈದು ಕಿಲೋ ದಾಟುವ ತೂಕ: ಹೀಗೆ ನೋಡಿದರೆ ತೆಳ್ಳಗಿನ ಟೈರಿನ ರೇಸ್ ಸೈಕಲ್ಲಿಗೂ ಇದಕ್ಕೂ ಬಾದರಾಯಣ ಸಂಬಂಧವೂ ಇಲ್ಲ ಅನಿಸುತ್ತದೆ. ಆದರೂ ಡೌನ್‌ಹಿಲ್ ಸವಾರರು ಬಹುಕಾಲದಿಂದ ರೋಡ್ ಬೈಕಿನ ಕ್ಯಾಸೆಟ್ಟನ್ನೇ, ಅಂದರೆ ಹಿಂದಿನ ಚಕ್ರದ ಹಲ್ಲುಗಾಲಿಗಳ ಗೊಂಚಲನ್ನೇ, ತಮ್ಮ ಸೈಕಲ್ಲಿಗೆ ಹಾಕಿಕೊಂಡಿದ್ದಾರೆ. ಬಡತನಕ್ಕೆ ಮಾಡಿದ ಜುಗಾಡ್ ಎಂದುಕೊಳ್ಳಬೇಡಿ, ವಿಶ್ವಕಪ್ಪಿನ ತಂಡಗಳೂ ಅದನ್ನೇ ಮಾಡಿವೆ.

ಕಾರಣ ಹಲ್ಲಿನ ಎಣಿಕೆಯಲ್ಲಿದೆ. ಬೆಟ್ಟದ ಸೈಕಲ್ಲಿನ ಹತ್ತು ಗೇರಿನ ಸಾಮಾನ್ಯ ಕ್ಯಾಸೆಟ್ಟಿನಲ್ಲಿ 11, 13, 15, 17, 19, 21, 24, 28, 32, 36 ಹಲ್ಲುಗಳಿರುತ್ತವೆ. ರಸ್ತೆಯದರಲ್ಲಿ 11, 12, 13, 14, 15, 17, 19, 21, 23, 25. ಮೊದಲನೆಯದು ಏರಲು ಹುಟ್ಟಿದ್ದು, ಆದ್ದರಿಂದ ಗೇರಿನಿಂದ ಗೇರಿಗೆ ದೊಡ್ಡ ನೆಗೆತ. ಎರಡನೆಯದು ಓಟದ ಲಯ ಕೆಡದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತದೆ. ಮುಂದೆ 36 ಹಲ್ಲು, ಹಿಂದೆ 11 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಏಳು ಮೀಟರ್‌ಗೂ ಸ್ವಲ್ಪ ಹೆಚ್ಚು ಮುಂದೆ ಸರಿಯುತ್ತದೆ. ಗಂಟೆಗೆ 40 ಕಿ.ಮೀ. ಹೋಗಲು ನಿಮಿಷಕ್ಕೆ 93 ಸುತ್ತು ತುಳಿದರೆ ಸಾಕು. ಅದೇ ವೇಗದಲ್ಲಿ ಒಂದು ಗೇರು ಇಳಿಸಿದರೆ ರಸ್ತೆಯ ಕ್ಯಾಸೆಟ್ಟಿನಲ್ಲಿ 101 ಸುತ್ತು, ಬೆಟ್ಟದ್ದರಲ್ಲಿ 109. ಕಲ್ಲುಗಳ ಮೇಲೆ ಹಾರುತ್ತ ಎರಡೇ ಸೆಕೆಂಡ್ ತುಳಿಯಲು ಬಿಡುವು ಸಿಗುವ ಸವಾರನಿಗೆ ಈ ವ್ಯತ್ಯಾಸ ಕಾಲಿಗೆ ತಿಳಿಯುತ್ತದೆ. 32, 36 ಹಲ್ಲಿನ ತಟ್ಟೆಗಳೋ, ಇಡೀ ದಾರಿಯಲ್ಲಿ ಒಮ್ಮೆಯೂ ಚೈನಿನ ಮುಖ ನೋಡುವುದಿಲ್ಲ.

ಕೆಲಸಕ್ಕೆ ಬಾರದ ಆ ತಟ್ಟೆಗಳು ಸುಮ್ಮನೆ ಕೂತಿದ್ದರೂ ನಷ್ಟವೇ. ಅವು ಇರುವ ಜಾಗ ಅಂಥದ್ದು. ಹಿಂದಿನ ಚಕ್ರ, ಹಬ್, ಕ್ಯಾಸೆಟ್ ಎಲ್ಲವೂ ಸ್ಪ್ರಿಂಗಿನ ಕೆಳಗಿನ ತೂಕ. ಕಲ್ಲು ಎದುರಾದಾಗ ಸೆಕೆಂಡಿನ ಸಣ್ಣ ಭಾಗದಲ್ಲಿ ಮೇಲೇಳಬೇಕು, ಕಲ್ಲು ದಾಟಿದೊಡನೆ ನೆಲಕ್ಕೆ ಮರಳಬೇಕು. ಆ ತೂಕ ಹೆಚ್ಚಿದಷ್ಟೂ ಜಡತ್ವ ಹೆಚ್ಚಿ ಚಕ್ರ ಗಾಳಿಯಲ್ಲಿ ಉಳಿಯುವ ಹೊತ್ತು ಹೆಚ್ಚುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಚಿಕ್ಕ ಕ್ಯಾಸೆಟ್ಟಿನಿಂದ ಉಳಿಯುವುದು ನೂರು ಗ್ರಾಂ ಆಸುಪಾಸು. ಅದೇ ನೂರು ಗ್ರಾಂ ಹ್ಯಾಂಡಲ್ಲಿನಲ್ಲಿ ಉಳಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಲಾಭ ಡಿರೈಲರ್‌ನದು. ಚೈನನ್ನು ಗೇರಿನಿಂದ ಗೇರಿಗೆ ದಾಟಿಸಿ, ಸಡಿಲವಾದ ಚೈನನ್ನು ಎಳೆದು ಬಿಗಿಯಾಗಿಡುವ ತೋಳು ಅದು. 11–36 ಕ್ಯಾಸೆಟ್ಟಿಗೆ ಅದು 25 ಹಲ್ಲಿನಷ್ಟು ಸಡಿಲವನ್ನು ನುಂಗಬೇಕು, 11–25ಕ್ಕೆ 14 ಹಲ್ಲಿನಷ್ಟು ಸಾಕು. ಹೀಗಾಗಿ ತೋಳಿನ ಕೆಳಗೆ ನೇತಾಡುವ ಕೇಜು ಗಿಡ್ಡವಾಗಿರಬಹುದು. ಕಾರವಾರದ ಸುತ್ತಿನ ಗುಡ್ಡಗಳಂತೆ ಚಿರೇಕಲ್ಲು ಮೊನಚಾಗಿ ಎದ್ದು ನಿಂತ ನೆಲದಲ್ಲಿ ಇದರ ಬೆಲೆ ತಿಳಿಯುತ್ತದೆ. ಉದ್ದದ ಕೇಜು ಮೊದಲು ಒಂದು ಕಲ್ಲಿಗೆ ತಾಗಿ ಸೊಟ್ಟಗಾಗುತ್ತದೆ, ಮರುಕ್ಷಣ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ ಮುರಿಯುತ್ತದೆ.

ಕಂಪನಿಗಳಿಗೂ ಇದು ತಿಳಿದಿತ್ತು. 2000ದ ದಶಕದಲ್ಲಿ ಹೋಂಡಾ ಒಂದು ಡೌನ್‌ಹಿಲ್ ಸೈಕಲ್ ತಯಾರಿಸಿ, ಗೇರನ್ನೆಲ್ಲ ಚೌಕಟ್ಟಿನ ಮಧ್ಯದ ಪೆಟ್ಟಿಗೆಯೊಳಗೆ ಮುಚ್ಚಿಟ್ಟಿತು. 2005ರಲ್ಲಿ ಗ್ರೆಗ್ ಮಿನ್ನಾರ್ ಅದರ ಮೇಲೆಯೇ ವಿಶ್ವಕಪ್ ಸರಣಿ ಗೆದ್ದಾಗ ಒಳಗೆ ಏನೋ ಮಹಾ ಯಂತ್ರವಿದೆ ಎಂದು ಊಹಾಪೋಹ. ಆಮೇಲೆ ತಿಳಿದದ್ದು, ಒಳಗಿದ್ದುದು ಅದೇ ಚೈನು, ಅದೇ ಹಲ್ಲುಗಾಲಿ, ಅದೇ ಡಿರೈಲರ್. ಕಲ್ಲಿಗೆ ಸಿಗದ ಜಾಗಕ್ಕೆ ಹೋಗಿತ್ತು, ಅಷ್ಟೇ. ಗೇರು ತಯಾರಿಸುವ ಶಿಮಾನೋ ತನ್ನ ಸೇಂಟ್ ಎಂಬ ಡಿರೈಲರಿನಲ್ಲಿ ರಸ್ತೆಯ ಚಿಕ್ಕ ಕ್ಯಾಸೆಟ್ಟಿಗೊಂದು, ಬೆಟ್ಟದ ದೊಡ್ಡ ಕ್ಯಾಸೆಟ್ಟಿಗೊಂದು ಎಂದು ಬದಲಿಸಿಕೊಳ್ಳುವ ಸ್ವಿಚ್ಚನ್ನೇ ಇಟ್ಟಿತು. 2014ರಲ್ಲಿ ಸ್ರಾಮ್ ಬರೇ ಏಳು ಗೇರಿನ, 10ರಿಂದ 24 ಹಲ್ಲಿನ ಕ್ಯಾಸೆಟ್ಟನ್ನು ಡೌನ್‌ಹಿಲ್‌ಗೆಂದೇ ತಂದಿತು. ಗೇರು ಕಡಿಮೆ ಮಾಡಿ ಹೆಚ್ಚು ದುಡ್ಡು ಕೇಳುವುದು ಹೇಗೆಂದು ಸೈಕಲ್ ಉದ್ಯಮದಿಂದ ಕಲಿಯಬೇಕು.

ಕ್ಯಾಸೆಟ್ ಒಗ್ಗಿತೆಂದು ರೋಡ್ ಬೈಕಿನ ಎಲ್ಲವೂ ಒಗ್ಗುವುದಿಲ್ಲ. ರಸ್ತೆಯ ಕ್ರ್ಯಾಂಕು, ಅಂದರೆ ಪೆಡಲಿನ ತೋಳು, ಕೂರುವ ಚೌಕಟ್ಟಿನ ಅಗಲ ಸಾಮಾನ್ಯವಾಗಿ 68 ಮಿ.ಮೀ., ಅನೇಕ ಡೌನ್‌ಹಿಲ್ ಚೌಕಟ್ಟುಗಳಲ್ಲಿ 83. ಅಲ್ಲಿಗೆ ಅದರ ಕತೆ ಮುಗಿಯಿತು. ಡಿರೈಲರ್‌ನದು ಸೂಕ್ಷ್ಮವಾದ ತೊಡಕು. ಹ್ಯಾಂಡಲ್ಲಿನ ಗುಂಡಿ ಒಮ್ಮೆ ಒತ್ತಿದರೆ ತಂತಿ ಇಷ್ಟು ಎಳೆಯಬೇಕು, ಅದಕ್ಕೆ ತೋಳು ಇಷ್ಟು ಸರಿಯಬೇಕು ಎಂಬ ಒಪ್ಪಂದವಿರುತ್ತದೆ. ಹತ್ತು ಗೇರಿನ ಗೊಂಚಲಿನಲ್ಲಿ ಹಲ್ಲುಗಾಲಿಗಳ ನಡುವಿನ ದೂರ 3.95 ಮಿ.ಮೀ. ಶಿಮಾನೋದ ರಸ್ತೆಯ ಗುಂಡಿ ತಂತಿಯನ್ನು ಸುಮಾರು 2.3 ಮಿ.ಮೀ. ಎಳೆದರೆ ಡಿರೈಲರ್ ಅದನ್ನು 1.7 ಪಟ್ಟು ಮಾಡಿ ಆ ದೂರ ಮುಟ್ಟಿಸುತ್ತದೆ. ಬೆಟ್ಟದ ಗುಂಡಿಯ ಎಳೆತ ಸುಮಾರು 3.4 ಮಿ.ಮೀ., ಅದರ ಡಿರೈಲರ್ ಮಾಡುವುದು 1.2 ಪಟ್ಟು ಮಾತ್ರ. ಬೆಟ್ಟದ ಗುಂಡಿಗೆ ರಸ್ತೆಯ ಡಿರೈಲರ್ ಕಟ್ಟಿದರೆ ಒಂದೇ ಒತ್ತಿಗೆ ಚೈನು ಒಂದೂವರೆ ಗೇರು ಹಾರುತ್ತದೆ, ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಒಂಬತ್ತು ಗೇರಿನ ಕಾಲದಲ್ಲಿ ಶಿಮಾನೋದಲ್ಲಿ ಈ ಜಗಳ ಇರಲಿಲ್ಲ. ಸ್ರಾಮ್‌ನ ಹತ್ತು ಗೇರಿನಲ್ಲೂ ಎರಡೂ ಕಡೆಯ ಲೆಕ್ಕ ಒಂದೇ. ಹಳೆಯ ಸಾಮಾನು ಜೋಡಿಸುವವರು ಮೊದಲು ನೋಡಬೇಕಾದದ್ದು ಇದನ್ನು.

ಲೆಕ್ಕ ಹೊಂದಿದರೂ ಅಲುಗಾಟ ಬಿಡುವುದಿಲ್ಲ. ಸಸ್ಪೆನ್ಷನ್ ಕುಗ್ಗುವಾಗ ಬಹಳಷ್ಟು ಚೌಕಟ್ಟುಗಳಲ್ಲಿ ಪೆಡಲಿನ ನಡುವಿನಿಂದ ಹಿಂದಿನ ಆಕ್ಸಲ್ಲಿಗಿರುವ ದೂರ ಹೆಚ್ಚುತ್ತದೆ, ಚೈನು ಅಷ್ಟು ಉದ್ದ ಹೆಚ್ಚಿಗೆ ಬೇಡುತ್ತದೆ. ಆದ್ದರಿಂದ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದು ಚೈನಿನ ಉದ್ದ ಅಳೆಯಬೇಕು. ಸೈಕಲ್ ಸ್ಟ್ಯಾಂಡಿನ ಮೇಲೆ ನಿಂತಾಗ ಸರಿಹೋದ ಚೈನು ಮೊದಲ ಜಿಗಿತದಲ್ಲೇ ಡಿರೈಲರನ್ನು ಕಿತ್ತುಕೊಂಡು ಬರಬಹುದು. ಜೊತೆಗೆ ರಸ್ತೆಯ ಡಿರೈಲರಿನ ಸ್ಪ್ರಿಂಗು ಮೆದು. ಬೆಟ್ಟದ ಸೈಕಲ್ಲುಗಳಿಗೆ 2012ರ ಹೊತ್ತಿಗೇ ಕ್ಲಚ್ಚುಳ್ಳ ಡಿರೈಲರ್ ಬಂದು, ಕೇಜು ಮುಂದಕ್ಕೆ ವಾಲುವುದನ್ನು ಘರ್ಷಣೆಯಿಂದ ತಡೆಯಿತು. ಶಿಮಾನೋದ ರಸ್ತೆಯ ಸಾಮಾನಿಗೆ ಆ ಕ್ಲಚ್ಚು ಬಂದದ್ದು 2018ರಲ್ಲಿ. ಕ್ಲಚ್ಚಿಲ್ಲದ್ದನ್ನು ಹಾಕಿದರೆ ಚೈನು ಚೌಕಟ್ಟಿಗೆ ಬಡಿಯುತ್ತ, ಮುಂದಿನ ಹಲ್ಲುಗಾಲಿಯಿಂದ ಕಳಚುತ್ತ ಹೋಗುತ್ತದೆ. ಕ್ಯಾಸೆಟ್ ರಸ್ತೆಯದಿರಲಿ, ಡಿರೈಲರ್ ಬೆಟ್ಟದ್ದೇ ಇರಲಿ, ಮುಂದೆ ಚೈನು ಕಳಚದಂತೆ ತಡೆಯುವ ಚೈನ್ ಗೈಡ್ ಇರಲಿ ಎಂಬುದು ನನ್ನ ಪಕ್ಷ.

ಯುರೋಪಿನ ಲೆಕ್ಕವನ್ನು ಕಾರವಾರಕ್ಕೆ ತರುವಾಗ ಇನ್ನೂ ಒಂದು ಅಡ್ಡಿ. ಅಲ್ಲಿ ಸೈಕಲ್ಲನ್ನು ಗುಡ್ಡದ ತಲೆಗೆ ಹೊತ್ತೊಯ್ಯುವುದು ತಂತಿಯ ಮೇಲೆ ಸಾಗುವ ಕುರ್ಚಿ. ಇಲ್ಲಿ ಯಾರದಾದರೂ ಟೆಂಪೊ ಸಿಗಬೇಕು, ಇಲ್ಲವೇ ತುಳಿದೇ ಏರಬೇಕು. ನೂರಕ್ಕೆ ಹತ್ತರ ಏರಿನಲ್ಲಿ ನಿಮಿಷಕ್ಕೆ 50 ಸುತ್ತು ತುಳಿಯುತ್ತೇನೆಂದರೆ, ಹಿಂದಿನ 36 ಹಲ್ಲಿನ ಹಲ್ಲುಗಾಲಿಗೆ ಸುಮಾರು 170 ವ್ಯಾಟ್ ಸಾಕು. ರಸ್ತೆಯ 25 ಹಲ್ಲಿನದಕ್ಕೆ 245 ವ್ಯಾಟ್ ಬೇಕು, ದಪ್ಪ ಟೈರಿನ ಎಳೆತ ಬೇರೆ. ಮೊದಲನೆಯದು ಗಟ್ಟಿ ಕಾಲಿನವರಿಗೆ ಸಾಧ್ಯ, ಎರಡನೆಯದಕ್ಕೆ ಹೆಚ್ಚಿನವರು ಅರ್ಧದಲ್ಲೇ ಇಳಿದು ತಳ್ಳುತ್ತಾರೆ. ಅಣಶಿ ಘಟ್ಟದ ಕಡೆ ಹೋಗುವವರಿಗೆ ಇನ್ನೊಂದು ಮಾತು: ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ರಸ್ತೆ ಬಿಟ್ಟು ಕಾಡಿನ ಜಾಡಿಗೆ ಇಳಿಯುವುದು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಸಲ್ಲದು, ಗೇರು ಯಾವುದೇ ಇರಲಿ.

ಕೊನೆಯ ತೊಡಕು ಕಡಲಿನದು. ಅಂಕೋಲೆ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಸಿದ ಊರು. ಅಲ್ಲಿ ಉಪ್ಪು ಸೈಕಲ್ಲನ್ನೂ ಬಿಡುವುದಿಲ್ಲ. ವರ್ಷಕ್ಕೆ 3000 ಮಿ.ಮೀ. ಆಸುಪಾಸಿನ ಮಳೆ, ಚಿರೇಕಲ್ಲಿನ ಕೆಂಪು ಪುಡಿ, ಚೈನಿನ ಎಣ್ಣೆ ಮೂರೂ ಕಲೆತರೆ ಸಾಣೆ ಹಿಡಿಯುವ ಕೆಸರೇ ಸಿದ್ಧವಾಗುತ್ತದೆ. ಹೊಸ ಚೈನಿನ 24 ಕೊಂಡಿ ಅಳೆದರೆ 304.8 ಮಿ.ಮೀ. ಬರಬೇಕು. ಒಂದೂವರೆ ಮಿಲಿಮೀಟರ್ ಹೆಚ್ಚಾಯಿತೆಂದರೆ ಪಿನ್ನುಗಳು ಸವೆದಿವೆ, ಚೈನು ಬದಲಿಸುವ ಹೊತ್ತು ಬಂದಿದೆ. ತಡ ಮಾಡಿದರೆ ಅದು ಕ್ಯಾಸೆಟ್ಟನ್ನೂ ತಿನ್ನುತ್ತದೆ. ಮೊದಲು ತಿನ್ನುವುದು 11, 12, 13ರ ಚಿಕ್ಕ ಹಲ್ಲುಗಾಲಿಗಳನ್ನು, ಏಕೆಂದರೆ ಅಲ್ಲಿ ಭಾರ ಹಂಚಿಕೊಳ್ಳುವ ಹಲ್ಲುಗಳೇ ಕಡಿಮೆ.

ರಸ್ತೆಯ ಕಡಿಮೆ ಬೆಲೆಯ ಕ್ಯಾಸೆಟ್ಟುಗಳಲ್ಲಿ ಉಕ್ಕಿನ ಹಲ್ಲುಗಾಲಿಗಳು ಬಿಡಿಬಿಡಿಯಾಗಿ ಫ್ರೀಹಬ್ಬಿನ ಮೇಲೆ ಕೂರುತ್ತವೆ. ಫ್ರೀಹಬ್ಬು ಅಲ್ಯೂಮಿನಿಯಂನದಾದರೆ, ತುಳಿದ ಪ್ರತಿಸಲವೂ ಆ ತೆಳು ತಟ್ಟೆಗಳು ಮೆದು ಲೋಹವನ್ನು ಕೊರೆಯುತ್ತವೆ. ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಕೋಶವೇ ಹುಟ್ಟಿ, ಅಲ್ಯೂಮಿನಿಯಂ ಕರಗಿ ಬಿಳಿ ಪುಡಿ ಕಟ್ಟುತ್ತದೆ. ಒಂದು ಮಳೆಗಾಲ ಹಾಗೇ ಬಿಟ್ಟರೆ ಕ್ಯಾಸೆಟ್ ಕಳಚಲು ಸುತ್ತಿಗೆ ಬೇಕಾಗಬಹುದು. ಜೋಡಿಸುವ ಮೊದಲು ಫ್ರೀಹಬ್ಬಿಗೆ ತೆಳ್ಳಗೆ ಗ್ರೀಸು ಸವರಿ, ಸವಾರಿಯ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಹೊಸ ಹಬ್ ಕೊಳ್ಳುವುದಿದ್ದರೆ ಉಕ್ಕಿನ ಫ್ರೀಹಬ್ಬಿನದನ್ನೇ ಆರಿಸಿ. ತೂಕ ತುಸು ಹೆಚ್ಚು, ಆದರೆ ಸಾಮಾನ್ಯವಾಗಿ ಅಗ್ಗದ ಹಬ್ಬುಗಳಲ್ಲೇ ಅದು ಸಿಗುತ್ತದೆ.